ನಾಲ್ಕನೇ ಪ್ಯಾರಾ ಮತ್ತು ಹರಳೆಣ್ಣೆ

ದಸರಾ ರಜೆಗೆ ಇನ್ನೆರಡು ವಾರವಿದ್ದ ಒಂದು ಭಾನುವಾರ, ಬೆಳಿಗ್ಗೆ ಹನ್ನೊಂದು ಗಂಟೆಗೆ, ನಾನು ಬ್ಯಾಡರಹಳ್ಳಿಯ ಬಾಡಿಗೆ ಮನೆಯ ಬಚ್ಚಲಲ್ಲಿ ಪ್ಯಾಂಟನ್ನು ಮೊಣಕಾಲಿಗೆ ಮಡಚಿಕೊಂಡು, ಬಲಗೈಯಲ್ಲಿ ಹರಳೆಣ್ಣೆಯ ಬಾಟಲಿ ಹಿಡಿದು ನಿಂತಿದ್ದೆ. ಎಡಗೈಯಲ್ಲಿ ಏನೂ ಇರಲಿಲ್ಲ. ಎದುರಿಗೆ ಮಣೆಯ ಮೇಲೆ, ಹಳೆಯ ಫ್ರಾಕು ತೊಟ್ಟು, ಆರು ವರ್ಷದ ಮಗಳು ಸಿಂಚನಾ ಕೂತಿದ್ದಳು. ಇಬ್ಬರಿಗೂ ಧೈರ್ಯವಿತ್ತು.

ನನಗೂ ಹೆಂಡತಿ ಗೀತಾಗೂ ಆಗ ಕುಟುಂಬ ನ್ಯಾಯಾಲಯದಲ್ಲಿ ವಿಚ್ಛೇದನದ ಕೇಸು ನಡೆಯುತ್ತಿತ್ತು. ಮಗಳ ಖರ್ಚಿಗೆ ನಾನು ಕೊಡಬೇಕಾದ್ದರ ಬಗ್ಗೆ ತಕರಾರಿರಲಿಲ್ಲ. ಮಗಳು ಗೋವಿಂದರಾಜನಗರದಲ್ಲಿ ತಾಯಿಯ ಜೊತೆಗಿದ್ದಳು. ಭಾನುವಾರ ಸಂಜೆ ಐದರವರೆಗೆ ಮಾತ್ರ ನನ್ನ ಪಾಲು. ನಾವು ಬೇರೆಯಾದ ಮೇಲೆ ಅವಳು ಒಂದು ರಾತ್ರಿಯೂ ನನ್ನ ಮನೆಯಲ್ಲಿ ಮಲಗಿರಲಿಲ್ಲ. ದಸರಾ ರಜೆಯಲ್ಲಿ ನಾಲ್ಕು ರಾತ್ರಿ ಕಳಿಸಿಕೊಡಬೇಕೆಂದು ಅರ್ಜಿ ಹಾಕಿದೆ. ಗೀತಾ ಸಲ್ಲಿಸಿದ ಆಕ್ಷೇಪಣೆಯ ನಾಲ್ಕನೇ ಪ್ಯಾರಾ ಹೀಗಿತ್ತು: ‘ಅರ್ಜಿದಾರರಿಗೆ ಮಗುವಿನ ತಲೆಗೆ ನೀರು ಹಾಕಲೂ ಬರುವುದಿಲ್ಲ.’

ಅದು ನಿಜ. ಅದಕ್ಕೇ ಸಿಟ್ಟು ಬಂತು.

ಇಂಥದ್ದನ್ನು ಎಲ್ಲರೂ ಬರೆಸುತ್ತಾರೆ, ನೀವು ಸೋಮವಾರ ಕೋರ್ಟಿಗೆ ಬಂದು ಸುಮ್ಮನೆ ನಿಂತರೆ ಸಾಕು ಎಂದರು ನನ್ನ ವಕೀಲರು. ನಾನು ಒಪ್ಪಲಿಲ್ಲ. ಸದರಿ ಪ್ಯಾರಾವನ್ನು ಎಣ್ಣೆ ಸ್ನಾನದ ಮೂಲಕ ಸಂಪೂರ್ಣವಾಗಿ ಅಲ್ಲಗಳೆಯಲು ತೀರ್ಮಾನಿಸಿದೆ!

ನನ್ನಮ್ಮ ನಮಗೆ ಅಂಗೈಯಷ್ಟು ಎಣ್ಣೆ ಹಚ್ಚುತ್ತಿದ್ದಳು. ಆದರೆ ಯಾರ ಅಂಗೈ, ಎಷ್ಟು ತಲೆಗೆ ಎಂಬುದು ನೆನಪಿರಲಿಲ್ಲ. ಅರ್ಧ ಬಾಟಲಿ ಸುರಿದೆ. ಎಣ್ಣೆ ಹಣೆಯಿಂದ ಇಳಿದು ಮೂಗಿನ ತುದಿಯಲ್ಲಿ ನಿಂತಿತು. ಮಗಳು ನಕ್ಕಳು. ಅವಳು ಆ ದಿನ ಬಚ್ಚಲಲ್ಲಿ ನಕ್ಕಿದ್ದು ಅದೇ ಕೊನೆ.

ಆಮೇಲೆ ಸೀಗೆಪುಡಿ ಹಾಕಿ ಉಜ್ಜಿದೆ. ಅದು ಅವಳ ಕಣ್ಣಿಗೆ ಹೋಯಿತು. ಒರೆಸಲು ಹೋದೆ, ಸೀಗೆಪುಡಿ ಮೆತ್ತಿದ ಕೈಯಲ್ಲೇ ಒರೆಸಿದೆ. ಅವಳು ಚೀರಿದಳು. ಗಾಬರಿಯಾಗಿ ಅದೇ ಕೈಯಿಂದ ನನ್ನ ಮುಖದ ಬೆವರು ಒರೆಸಿಕೊಂಡೆ. ಈಗ ನಾನೂ ಚೀರಿದೆ.

ಸದ್ದು ಕೇಳಿ ಮಹಡಿಯಿಂದ ಮನೆ ಓನರ್ ಸರೋಜಮ್ಮ ಇಳಿದು ಬಂದರು. ಬಾಗಿಲಲ್ಲಿ ನಿಂತು ನಮ್ಮಿಬ್ಬರನ್ನೂ ನೋಡಿದರು.

“ಏನ್ರೀ ಇದು? ಮಗೂನ ಬೋಂಡಾ ಮಾಡಕ್ಕೆ ಹೊರಟಿದೀರಾ?”

ನೀರಿಂದ ಮಗುವಿನ ಕಣ್ಣು ತೊಳೆದರು. ಹರಳೆಣ್ಣೆ ಇಷ್ಟು ಸುಲಭಕ್ಕೆ ಬಿಡುವುದಿಲ್ಲ, ಕಡಲೆಹಿಟ್ಟು ಹಚ್ಚಿ ಉಜ್ಜಿ ಎಂದು ಹೇಳಿ, ಟವೆಲು ತರಲು ಮೇಲೆ ಹೋದರು. ನಾನು ಹಿಟ್ಟು ಧಾರಾಳವಾಗಿ ಹಚ್ಚಿದೆ. ಬೇಗ ಬಿಡಲಿ ಎಂದು ಮಗಳು ತಡೆದುಕೊಳ್ಳುವಷ್ಟು ಬಿಸಿನೀರು ಹೊಯ್ದೆ. ಹಿಟ್ಟು ಬಿಡಲಿಲ್ಲ. ಗಂಟುಗಂಟಾಗಿ ಕೂದಲಿಗೆ ಕಚ್ಚಿಕೊಂಡಿತು.

ಸರೋಜಮ್ಮ ಟವೆಲು ಹಿಡಿದು ಬಂದು, ಒಂದು ಗಂಟನ್ನು ಮುಟ್ಟಿ ನೋಡಿ, “ಬಿಸಿನೀರು ಹಾಕಿದ್ರಾ?” ಎಂದರು. ಹೌದು ಆಂಟಿ ಎಂದೆ. ಬಿಸಿಗೆ ಹಿಟ್ಟು ಅಂಟಾಗುತ್ತದೆ ಎಂದು ಅವರು ಹಣೆ ಚಚ್ಚಿಕೊಂಡರು. ಮಧ್ಯಾಹ್ನವಿಡೀ ಬಾಚಣಿಗೆ ಹಿಡಿದು ಕೂತು, ಬಂದಷ್ಟನ್ನು ಬಿಡಿಸಿಕೊಟ್ಟರು.

ಸಂಜೆ ಬಸ್ಸಿನಲ್ಲಿ ಪಕ್ಕ ಕೂತಿದ್ದ ಹೆಂಗಸು ಎರಡು ಸಲ ಮೂಸಿ ನೋಡಿ, ಕಾಮಾಕ್ಷಿಪಾಳ್ಯದಲ್ಲಿ ಬೇರೆ ಸೀಟಿಗೆ ಹೋದಳು. ನಾನು ನಾಳೆಯ ಕೋರ್ಟನ್ನು ನೆನೆಯುತ್ತಿದ್ದೆ. ನಾಲ್ಕನೇ ಪ್ಯಾರಾಕ್ಕೆ ಬೇಕಾದ ಪುರಾವೆ ನನ್ನ ತೊಡೆಯ ಮೇಲೆ ನಿದ್ದೆ ಮಾಡುತ್ತಿತ್ತು.

ಗೀತಾ ಗೇಟಿನಲ್ಲೇ ನಿಂತಿದ್ದಳು. ಮಗಳ ಕೆಂಪು ಕಣ್ಣು ನೋಡಿದಳು. ತಲೆ ಮುಟ್ಟಿದಳು. ನನ್ನನ್ನು ಬಿಟ್ಟು ಮಗಳನ್ನು ಕೇಳಿದಳು.

“ಯಾಕೆ ಪುಟ್ಟಿ ಅತ್ತಿದ್ದು? ಅಪ್ಪ ಹೊಡೆದ್ರಾ?”

“ಇಲ್ಲಮ್ಮ. ನಾನು ಸ್ವಲ್ಪಾನೇ ಅತ್ತಿದ್ದು. ಅಪ್ಪಾನೇ ಜಾಸ್ತಿ.”

ಅದು ಸೀಗೆಪುಡಿಯಿಂದ ಎಂದೆ. ಗೀತಾ ಮುಖ ಆ ಕಡೆ ತಿರುಗಿಸಿದಳು. ಅವಳ ಭುಜ ಅಲುಗಿದ್ದನ್ನು ಕಂಡೆ. ನಕ್ಕಳು ಎಂದು ಪ್ರಮಾಣ ಮಾಡಿ ಹೇಳಲಾರೆ.

ಸೋಮವಾರ ಕೋರ್ಟಿನಲ್ಲಿ ನಾನು ವಕೀಲರು ಹೇಳಿದಂತೆ ಸುಮ್ಮನೆ ನಿಂತೆ. ಬೇರೆ ದಾರಿ ಇರಲಿಲ್ಲ. ನ್ಯಾಯಾಧೀಶರು ಗೀತಾಳನ್ನೇ ನೇರವಾಗಿ ಕೇಳಿದರು: ಮಗು ನಾಲ್ಕು ರಾತ್ರಿ ತಂದೆಯ ಜೊತೆ ಇರುವುದಕ್ಕೆ ನಿಮ್ಮ ಆಕ್ಷೇಪಣೆ ಏನಮ್ಮ?

ಅವಳು ಒಮ್ಮೆ ನನ್ನ ಕಡೆ ತಿರುಗಿ ನೋಡಿದಳು. ನನ್ನ ನಾಲ್ಕು ರಾತ್ರಿಗಳೂ ಕೈಬಿಟ್ಟು ಹೋದವು ಎಂದುಕೊಂಡೆ.

“ಅವಳನ್ನ ಚೆನ್ನಾಗೇ ನೋಡ್ಕೋತಾರೆ ಮೇಡಂ,” ಎಂದಳು. “ಕಳಿಸ್ತೀನಿ. ಆದ್ರೆ ತಲೆ ಮಾತ್ರ ಮುಟ್ಟಬಾರದು.”

ನ್ಯಾಯಾಧೀಶರು ನಗಲಿಲ್ಲ. ಬರೆಸಿದರು. ನಾಲ್ಕು ರಾತ್ರಿಯೂ ಸಿಕ್ಕಿತು. ಆದೇಶದ ಕೊನೆಯ ಸಾಲು ಇದು: ‘ಸದರಿ ಅವಧಿಯಲ್ಲಿ ತಂದೆಯು ಮಗುವಿಗೆ ಎಣ್ಣೆ ಸ್ನಾನ ಮಾಡಿಸತಕ್ಕದ್ದಲ್ಲ.’ ಕೊಲೆ, ಕಳ್ಳತನಗಳನ್ನು ಕಾನೂನು ಎಲ್ಲರಿಗೂ ನಿಷೇಧಿಸಿದೆ. ಎಣ್ಣೆ ಸ್ನಾನ ಮಾಡಿಸುವುದನ್ನು ನನಗೊಬ್ಬನಿಗೆ!

ಇದನ್ನೆಲ್ಲ ಕಂಡವರು ಇನ್ನೂ ಇದ್ದಾರೆ. ಸರೋಜಮ್ಮ ಅದೇ ಮಹಡಿಯಲ್ಲಿದ್ದಾರೆ. ಬಾಡಿಗೆ ಮನೆ ನೋಡಲು ಬಂದವರಿಗೆ ಬಚ್ಚಲು ತೋರಿಸುವಾಗ ಈ ಕಥೆಯನ್ನೂ ಹೇಳುತ್ತಾರೆ. ಗೀತಾ ಇದ್ದಾಳೆ. ಬೆಳೆದು ನಿಂತಿರುವ ಸಿಂಚನಾ ಇದ್ದಾಳೆ. ಯಾರನ್ನು ಬೇಕಾದರೂ ಕರೆದು ಕೇಳಿ. ನನ್ನ ಪರ ಸಾಕ್ಷಿ ಹೇಳುವವರು ಮಾತ್ರ ಈ ಮೂವರಲ್ಲಿ ಒಬ್ಬರೂ ಇಲ್ಲ.