ನಮ್ಮ ತುತ್ತು ತೂಗಿದ ಮಹನೀಯರಿಗೆ

ಯುವಜನರ ಆಹಾರ ಕ್ರಮ, ಚಯಾಪಚಯ ಮತ್ತು ಬೊಜ್ಜಿನ ಸಂಶೋಧನಾ ವಿಭಾಗದ ಮುಖ್ಯಸ್ಥರಾದ ಡಾಕ್ಟರರ ಸನ್ನಿಧಾನಕ್ಕೆ,

ಮಾನ್ಯರೇ,

ತಮಗೂ, ತಮ್ಮ ಸಮಸ್ತ ಸಿಬ್ಬಂದಿಗೂ, ಮಿಲಿಗ್ರಾಮಿನವರೆಗೆ ಸತ್ಯವನ್ನೇ ನುಡಿಯುವ ತಮ್ಮ ತಕ್ಕಡಿಗಳಿಗೂ ಅನಂತ ನಮಸ್ಕಾರಗಳು. ನಾನು ಶಾಲಾ ಮಕ್ಕಳ ಯೂನಿಫಾರಂ ಹೊಲಿಯುವ ಟೈಲರ್. ಮನೆಯ ಮುಂದಿನ ಕೋಣೆಯೇ ನನ್ನ ಅಂಗಡಿ. ದೊಡ್ಡವರಿಗೆ ಪತ್ರ ಬರೆದು ಅಭ್ಯಾಸವಿಲ್ಲದ ಕಾರಣ ಈ ದೂರಿನಲ್ಲಿ ಎಲ್ಲಾದರೂ ಹೊಲಿಗೆ ತಪ್ಪಿದ್ದರೆ ದಯವಿಟ್ಟು ಹೊಟ್ಟೆಗೆ ಹಾಕಿಕೊಳ್ಳಬೇಕು. ಹಾಗೆ ಹಾಕಿಕೊಂಡದ್ದನ್ನು ಡೈರಿಯಲ್ಲಿ ಬರೆದಿಡಬೇಕೆಂದು ನಾನಂತೂ ಒತ್ತಾಯಿಸುವುದಿಲ್ಲ. ಪತ್ರವನ್ನು ನನ್ನ ಮಗಳು ಓದಿ ಒಪ್ಪಿಗೆ ಕೊಟ್ಟ ಮೇಲೆಯೇ ಬಹಿರಂಗ ಮಾಡುತ್ತಿದ್ದೇನೆ. ಮೂರು ಕಡೆ ಕಾಗುಣಿತ ತಿದ್ದಿದವಳೂ ಅವಳೇ.

ಹದಿನೈದು ವರ್ಷದ ಆ ಮಗಳು ಒಂದು ದಿನ ಶಾಲೆಯಿಂದ ಕಾಗದವೊಂದನ್ನು ತಂದು ಹೊಲಿಗೆ ಮೆಷಿನ್ನಿನ ಮೇಲೆ ಹರಡಿದಾಗ ನನ್ನ ಬಾಯಿ ತುಂಬ ಗುಂಡುಸೂಜಿಗಳಿದ್ದವು. ವಸ್ತುಸಂಗ್ರಹಾಲಯ ನೋಡಲು ಕರೆದೊಯ್ಯುತ್ತಾರೆಂದು ತಿಳಿದು ಓದದೆಯೇ ಸಹಿ ಹಾಕಿದೆ. ಮೂರನೆಯ ದಿನ ತಮ್ಮ ಸಹಾಯಕಿ ತಕ್ಕಡಿಯ ಪೆಟ್ಟಿಗೆ ಹಿಡಿದು ಬಾಗಿಲಲ್ಲಿ ನಿಂತು, ಹನ್ನೆರಡು ವಾರಗಳ ಕಾಲ ನಮ್ಮ ಮಗಳ ಊಟ, ಓಡಾಟ, ಮೈ ಸುಡುವ ಶಕ್ತಿ ಎಲ್ಲವನ್ನೂ ಅಳೆಯುವುದಾಗಿ ಬಲು ವಿನಯದಿಂದ ತಿಳಿಸಿದಾಗಲೇ ನಾವೇ ವಸ್ತುಸಂಗ್ರಹಾಲಯವಾದೆವೆಂದು ಗೊತ್ತಾದದ್ದು. ಆ ಹುಡುಗಿಗೆ ನಮ್ಮ ಮಾವನವರು ಅಂದೇ ತಕ್ಕಡಿ ಮೇಡಂ ಎಂದು ನಾಮಕರಣ ಮಾಡಿದರು. ಮಾವನವರು ನಿವೃತ್ತ ಅಂಚೆಯಣ್ಣ, ಕಿವಿ ಸ್ವಲ್ಪ ಮಂದ, ಕೈಬರಹ ಮುತ್ತಿನಂಥದು. ಹೀಗಾಗಿ ನನ್ನ ಅಂಗಡಿಯಲ್ಲಿ ಅಳತೆ ಪುಸ್ತಕ ಬರೆಯುವವರು ಅವರೇ. ನಾನು ಟೇಪು ಹಿಡಿದು ಅಳತೆ ಕೂಗುವುದು, ಅವರು ಬರೆದುಕೊಳ್ಳುವುದು.

ತಟ್ಟೆಗೆ ಬೀಳುವ ಮುನ್ನ ಪ್ರತಿಯೊಂದನ್ನೂ ತೂಗಬೇಕು, ತಟ್ಟೆಯಲ್ಲಿ ಉಳಿದದ್ದನ್ನು ಮತ್ತೆ ತೂಗಬೇಕು, ತಿಂದ ಹೊತ್ತು, ಸ್ಥಳ, ಜೊತೆಗಿದ್ದವರು, ಆಗ ಮನಸ್ಸಿಗೆ ಏನನ್ನಿಸಿತು ಎಂಬುದನ್ನೆಲ್ಲ ಡೈರಿಯಲ್ಲಿ ತುಂಬಬೇಕು ಎಂಬ ತಮ್ಮ ನಿಯಮಗಳನ್ನು ನಾವು ಶಿರಸಾವಹಿಸಿ ಪಾಲಿಸಿದೆವು. ಮನೆಮಂದಿಗೂ ಒಂದೊಂದು ಡೈರಿ ಕೊಟ್ಟು ತಾವು ಉಪಕಾರವನ್ನೇ ಮಾಡಿದಿರಿ. ತಿಂದದ್ದನ್ನೆಲ್ಲ ಬಿಡದೆ ಬರೆಯಬೇಕೆಂಬ ಸೂಚನೆಯನ್ನು ಅಕ್ಷರಶಃ ಪಾಲಿಸಿದ ಮಾವನವರು ಮೊದಲ ದಿನವೇ, ಬೆಳಗ್ಗೆ ಸೊಸೆಯಿಂದ ಬೈಗುಳ ಎರಡು, ಮಧ್ಯಾಹ್ನ ಮೊಮ್ಮಗಳ ತಲೆ ಅರ್ಧ ಗಂಟೆ, ಸಂಜೆ ಬ್ಯಾಂಕಿನ ಸಾಲಿನಲ್ಲಿ ಪೆಟ್ಟು ಒಂದು ಎಂದು ಮುತ್ತಿನಂಥ ಅಕ್ಷರಗಳಲ್ಲಿ ದಾಖಲಿಸಿದ್ದರು. ಇವುಗಳಲ್ಲಿ ಯಾವುದಕ್ಕೆ ಎಷ್ಟು ಕ್ಯಾಲೊರಿ ಎಂಬುದನ್ನು ತಾವು ಇಂದಿಗೂ ತಿಳಿಸಿಲ್ಲ.

ತಮ್ಮ ಮೇಡಂ ನಾಲ್ಕು ಸಂಜೆ ನಮ್ಮ ಊಟದ ಹೊತ್ತಿಗೆ ಬಂದು, ಮೂಲೆಯ ಸ್ಟೂಲಿನ ಮೇಲೆ ನೋಟುಬುಕ್ಕು ತೆರೆದು ಕೂತದ್ದರ ಬಗ್ಗೆ ನನ್ನ ದೂರು ಸ್ವಲ್ಪ ಗಂಭೀರವಾದದ್ದು. ಎದುರಿಗೆ ಒಂದು ಜೀವ ಖಾಲಿ ಬಾಯಲ್ಲಿ ಕೂತಿರುವಾಗ ಉಣ್ಣುವುದಕ್ಕೆ ನಮಗೆ ಬಾರದು. ಅವರೋ, ಎಷ್ಟು ಬಲವಂತ ಮಾಡಿದರೂ ನಿಯಮವಿದೆ ಎನ್ನುತ್ತಿದ್ದರು. ಗಬಗಬ ತಿಂದು ಏಳುವ ಮಾವನವರು ಆ ನಾಲ್ಕು ಸಂಜೆ ಒಂದೊಂದು ತುತ್ತನ್ನೂ ಮೂವತ್ತೆರಡು ಸಲ ಅಗಿದರು. ಲಿಫ್ಟ್ ರಿಪೇರಿ ಮಾಡುವ ನನ್ನ ಯಜಮಾನರು, ಮದುವೆಯಾದ ಹದಿನೇಳು ವರ್ಷಗಳಲ್ಲಿ ಮೊದಲ ಬಾರಿಗೆ, ತರಕಾರಿ ಬಡಿಸು ಎಂದು ತಾವಾಗಿಯೇ ಕೇಳಿದರು. ನಾನು ಬ್ರೆಡ್ಡಿಗೆ ಬೆಣ್ಣೆ ಸವರಿದ್ದು ಬೆಣ್ಣೆಗೇ ಗೊತ್ತಾಗಲಿಲ್ಲ. ತಮ್ಮ ವರದಿಯಲ್ಲಿ ಯಾವುದಾದರೊಂದು ಮನೆ ಜಗತ್ತಿಗೇ ಆದರ್ಶವೆಂದು ಕಂಡುಬಂದಿದ್ದರೆ ಅದು ನಮ್ಮದು, ದಯವಿಟ್ಟು ನಂಬಬೇಡಿ.

ಇದರ ನಡುವೆ ಮಗಳು ಮಾತ್ರ ಎಂದಿನಂತೆ ಚೂರುಪಾರು ತಿಂದು ಏಳುತ್ತಿದ್ದಳು. ಅದೇ ನನ್ನ ಚಿಂತೆಯಾಗಿತ್ತು, ಸ್ವಾಮಿ. ಮೇಜಿನ ಮುಂದೆ ಗುಬ್ಬಿಯಷ್ಟು ತಿನ್ನುವ ಹುಡುಗಿಯ ಮೈ ಒಂದು ವರ್ಷದಿಂದ ಏರುತ್ತಲೇ ಇತ್ತು. ಇದು ಅವಳ ತಪ್ಪಲ್ಲ, ನನ್ನದಂತೂ ಅಲ್ಲವೇ ಅಲ್ಲ, ಮೈಯೊಳಗಿನ ಒಲೆಯೇ ಸಣ್ಣದಿರಬೇಕು, ನಮ್ಮ ಅತ್ತಿಗೆಗೂ ಹೀಗೇ ಇತ್ತು ಎಂದು ನಾನು ಕಂಡಕಂಡವರಿಗೆಲ್ಲ ಹೇಳಿ ನಂಬಿಸಿಯಾಗಿತ್ತು. ತಮ್ಮ ಯಂತ್ರವೂ ಅದನ್ನೇ ಹೇಳಲಿ ಎಂದು ಒಳಗೊಳಗೇ ಬೇಡಿಕೊಳ್ಳುತ್ತಿದ್ದೆ.

ಆರನೆಯ ವಾರ ತಮ್ಮ ಗಾಜಿನ ಕೋಣೆಗೆ ಕರೆಸಿದಿರಿ. ಒಂದು ಮಂಚ, ಒಂದು ಮೇಜು, ಒಂದು ನಿಂತಲ್ಲೇ ತುಳಿಯುವ ಸೈಕಲ್ಲು. ಒಳಗೆ ಹೋಗುವ ಗಾಳಿಗೂ ಹೊರಗೆ ಬರುವ ಗಾಳಿಗೂ ಮೀಟರು. ಬೆಳಗ್ಗೆಯಿಂದ ಸಂಜೆಯವರೆಗೆ ಅವಳು ಒಳಗೆ, ನಾನು ಹೊರಗಿನ ಬೆಂಚಿನ ಮೇಲೆ. ಸಣ್ಣ ಕಿಟಕಿಯಲ್ಲಿ ತಟ್ಟೆ ಒಳಗೆ ಹೋಯಿತು. ನನ್ನ ಮಗಳು ಮೇಜಿನ ಮುಂದೆ ಕೂತು, ಪುಸ್ತಕ ಓದುತ್ತ, ಅನ್ನ, ಬೇಳೆ, ಮೊಟ್ಟೆ ಎಲ್ಲವನ್ನೂ ನಿಧಾನವಾಗಿ ಉಂಡು ಮುಗಿಸಿ, ನನ್ನತ್ತ ಕೈ ಬೀಸಿದಳು. ಅವಳು ನೆಮ್ಮದಿಯಾಗಿ ಮಧ್ಯಾಹ್ನದ ಊಟ ಮಾಡುವುದನ್ನು ನಾನು ನೋಡಿ ಅದೆಷ್ಟು ಕಾಲವಾಗಿತ್ತೆಂದು ಆ ಬೆಂಚಿನ ಮೇಲೆ ಲೆಕ್ಕ ಹಾಕಲು ಹೋಗಿ ಅರ್ಧಕ್ಕೇ ಬಿಟ್ಟೆ.

ಮುಂದಿನ ವಾರ ತಾವು ನಮ್ಮನ್ನು ಕೂರಿಸಿಕೊಂಡು, ಮಗಳ ಮೈ ಅವಳ ವಯಸ್ಸಿನ ಯಾವ ಹುಡುಗಿಗೂ ಕಡಿಮೆಯಿಲ್ಲದಂತೆ ಉರಿಯುತ್ತಿದೆ, ಒಲೆಯಲ್ಲಿ ದೋಷವಿಲ್ಲ ಎಂದು ನಗುನಗುತ್ತಾ ಹೇಳಿದಿರಿ. ಅವಳು ದಿನವಿಡೀ ತಿಂದದ್ದರ ಗ್ರಾಫ್ ಒಂದನ್ನು ತೋರಿಸಿದಿರಿ. ಬೆಳಗ್ಗೆಯಿಂದ ನಾಲ್ಕು ಗಂಟೆಯವರೆಗೆ ಬಟಾಬಯಲು, ನಾಲ್ಕೂವರೆಗೆ ಬೆಟ್ಟ. ನನಗೇನೂ ಅರ್ಥವಾಗಲಿಲ್ಲ, ಏಕೆಂದರೆ ಊಟದ ಡಬ್ಬಿ ದಿನವೂ ಖಾಲಿಯಾಗಿಯೇ ಮನೆಗೆ ಬರುತ್ತಿತ್ತು. ಆಗ ತಾವು ಮಗಳನ್ನು, ಅಮ್ಮನಿಗೆ ಡೈರಿ ತೋರಿಸಲೇ ಎಂದು ಮೆಲ್ಲಗೆ ಕೇಳಿದಿರಿ. ಅವಳು ನೆಲ ನೋಡುತ್ತ ಹೂಂ ಎಂದು ತಲೆಯಾಡಿಸಿದಳು.

ಡೈರಿಯಲ್ಲಿ ಹೀಗಿತ್ತು: ಮಧ್ಯಾಹ್ನ, ಡಬ್ಬಿ ಪೂರ್ತಿ ಶಾಲೆಯ ಕಾವಲುಗಾರರ ನಾಯಿಗೆ. ನಾಲ್ಕೂವರೆ, ಅಡುಗೆಮನೆ, ನಿಂತುಕೊಂಡು, ಬ್ರೆಡ್ಡು ಎಂಟು, ನಿನ್ನೆಯ ಅನ್ನ, ಸಿಕ್ಕಿದ್ದು. ಜೊತೆಗೆ ಯಾರೂ ಇಲ್ಲ, ಅಮ್ಮ ಅಂಗಡಿಯಲ್ಲಿ. ಏನನ್ನಿಸಿತು ಎಂಬ, ಒಂದಿಂಚು ಅಗಲವೂ ಇಲ್ಲದ ಕಾಲಮ್ಮಿನಲ್ಲಿ ಅಕ್ಷರಗಳನ್ನು ಇರುಕಿಸಿ ಬರೆದಿದ್ದಳು: ಹೋದ ವರ್ಷ ಅಮ್ಮ ನನ್ನ ಅಳತೆ ಕೂಗಿದಾಗ ಕ್ಲಾಸಿನವರೆಲ್ಲ ಅಂಗಡಿಯಲ್ಲಿದ್ದರು, ಆವತ್ತಿನಿಂದ ನನ್ನ ಹೆಸರು ಮೂವತ್ತಾರು, ಎಲ್ಲರ ಮುಂದೆ ತಿನ್ನಲು ನಾಚಿಕೆ.

ಮಾನ್ಯರೇ, ನನಗೆ ಆ ದಿನ ನೆನಪಿದೆ. ಶಾಲೆ ತೆರೆಯುವ ಹಿಂದಿನ ವಾರ, ಕೋಣೆಯ ತುಂಬ ಮಕ್ಕಳು, ಬಾಗಿಲಾಚೆ ಇನ್ನೊಂದು ಸಾಲು. ಮಾವನವರಿಗೆ ಕೇಳಲೆಂದು ನಾನು ಎಲ್ಲರ ಅಳತೆಯನ್ನೂ ಬೀದಿಗೆ ಕೇಳುವಂತೆ ಕೂಗುತ್ತಿದ್ದೆ. ಅವಳದನ್ನೂ ಕೂಗಿದೆ. ಮಾವನವರು ಎಷ್ಟು ಎಂದು ಮತ್ತೆ ಕೇಳಿದ್ದಕ್ಕೆ, ಇನ್ನೊಮ್ಮೆ ಇನ್ನೂ ಜೋರಾಗಿ ಕೂಗಿದೆ.

ಆದ್ದರಿಂದ ನನ್ನ ಮುಖ್ಯ ದೂರು ಇದು. ತಕ್ಕಡಿ, ಗಾಜಿನ ಕೋಣೆ, ಗಾಳಿಯ ಮೀಟರುಗಳ ಸಮೇತ ಬಂದು, ಏನನ್ನಿಸುತ್ತಿದೆ ಎಂದು ನನ್ನ ಮಗಳನ್ನು ಕೇಳುವ ಅಧಿಕಾರವನ್ನು ತಮಗೆ ಯಾರು ಕೊಟ್ಟರು? ಅದು ನನ್ನ ಕೆಲಸವಾಗಿತ್ತು. ಒಂದು ವರ್ಷ ಸುಮ್ಮನೆ ಬಿದ್ದಿದ್ದ ಆ ಕೆಲಸವನ್ನು ತಾವು ಬಂದು ಆರೇಳು ವಾರದಲ್ಲಿ ಮುಗಿಸಿ, ನನ್ನನ್ನೇ ಎದುರಿಗೆ ಕೂರಿಸಿ ಒಂದು ಲೋಟ ನೀರು ಕೊಟ್ಟಿರಿ. ಇಂಥ ದಕ್ಷತೆಯನ್ನು ಸಹಿಸುವುದು ತಾಯಂದಿರಿಗೆ ಕಷ್ಟವೆಂಬುದನ್ನು ತಮ್ಮ ಮುಂದಿನ ಪ್ರಬಂಧದಲ್ಲಿ ಅಡಿಟಿಪ್ಪಣಿಯಾಗಿಯಾದರೂ ಸೇರಿಸಬೇಕು.

ಬಸ್ಸಿನಲ್ಲಿ ಹಿಂತಿರುಗುವಾಗ ನಾಲ್ಕು ಸ್ಟಾಪಿನವರೆಗೆ ನಾನು ಸೆರಗಿನ ಅಂಚಿನ ಹೊಲಿಗೆ ಬಿಚ್ಚುತ್ತ ಕೂತಿದ್ದೆ. ಕೊನೆಗೆ ಅವಳೇ, "ಅಮ್ಮ, ನೀನು ಬೇಕಂತ ಕೂಗಲಿಲ್ಲ ಬಿಡು, ನಿನ್ನ ದನಿನೇ ಹಾಗೆ," ಎಂದಳು.

"ದನಿ ಹಾಗಿತ್ತು ಸರಿ, ನೀನು ಯಾಕೆ ಒಂದು ಮಾತು ಹೇಳಲಿಲ್ಲ?" ಎಂದೆ.

"ಹೇಳೋಣ ಅಂತ ಬಂದಾಗೆಲ್ಲ ನಿನ್ನ ಬಾಯಲ್ಲಿ ಸೂಜಿ ಇರ್ತಿತ್ತು."

ಹಾಗೆಂದು ಅವಳು ನಕ್ಕಳು. ನಾನು ಅತ್ತೆ. ಕಂಡಕ್ಟರು ನಮ್ಮಿಬ್ಬರನ್ನೂ ನೋಡಿ, ಟಿಕೆಟ್ ಕೇಳದೆ ಮುಂದೆ ಹೋದರು.

ಈಗ ತಮ್ಮಿಂದಾಗಿ ನಮಗೆ ಒದಗಿರುವ ಅನನುಕೂಲಗಳನ್ನು ಕೇಳಿ. ವಿಷಯ ತಿಳಿದ ಮಾವನವರು ಮಾರನೆಯ ಬೆಳಗ್ಗೆಯೇ ಎರಡು ವರ್ಷದಿಂದ ಡಬ್ಬಿಯಲ್ಲೇ ಮಲಗಿದ್ದ ಕಿವಿಯ ಮೆಷಿನ್ನನ್ನು ತೆಗೆದು ಹಾಕಿಕೊಂಡರು. ಮೊಮ್ಮಗಳ ಮುಂದೆ ಕೂತು, ತಪ್ಪು ನನ್ನ ಕಿವಿಯದು ಕಣಮ್ಮ ಎಂದರು. ಅಂದಿನಿಂದ ಅವರಿಗೆ ಎಲ್ಲವೂ ಕೇಳುತ್ತಿದ್ದು, ಹದಿನೇಳು ವರ್ಷದಿಂದ ಅವರ ಬೆನ್ನ ಹಿಂದೆ ನಿರಾತಂಕವಾಗಿ ಗೊಣಗಿಕೊಂಡು ಬಂದ ನನ್ನ ಸ್ವಾತಂತ್ರ್ಯ ಸಂಪೂರ್ಣ ಹರಣವಾಗಿದೆ. ಅಳತೆಯನ್ನು ಈಗ ನಾನು ಕೂಗುವುದಿಲ್ಲ. ಮೂಲೆಗೆ ಪರದೆ ಕಟ್ಟಿ, ಚೀಟಿಯಲ್ಲಿ ಬರೆದು ದಾಟಿಸುತ್ತೇನೆ. ದಿನವೂ ನಾಲ್ಕೂವರೆಗೆ ಅರ್ಧ ಗಂಟೆ ಅಂಗಡಿ ಮುಚ್ಚಿ ನಾನೂ ಮಗಳೂ ಅಡುಗೆಮನೆಯಲ್ಲಿ ಕೂತು ತಿನ್ನುತ್ತೇವೆ. ಮಾತು ಮುಗಿಯದೆ ಅರ್ಧ ಗಂಟೆ ಮುಕ್ಕಾಲು ಗಂಟೆಯಾಗುತ್ತಿದೆ. ಹೊರಗೆ ಕಾದು ನಿಂತು ಶಪಿಸುವ ಗಿರಾಕಿಗಳಿಗೆ ತೋರಿಸಲು, ಇದೊಂದು ಚಿಕಿತ್ಸೆ ಎಂಬ ಪ್ರಮಾಣಪತ್ರವನ್ನು ತಮ್ಮ ಮೊಹರಿನೊಂದಿಗೆ ಕೂಡಲೇ ಕಳುಹಿಸಿಕೊಡಬೇಕು.

ತಾಯಿಯ ಬಾಯಿಂದ ಮಾತು ಹೊರಬೀಳುವ ಮುನ್ನವೇ ಅದರ ತೂಕ ತೋರಿಸುವ ಸಣ್ಣ ತಕ್ಕಡಿಯೊಂದನ್ನು, ಗುಂಡುಸೂಜಿಗಳಿಗೂ ಜಾಗವಿರುವಂತೆ, ತಾವು ತುರ್ತಾಗಿ ಕಂಡುಹಿಡಿಯಬೇಕೆಂದೂ ಕೋರುತ್ತೇನೆ. ಹಾಗೆಯೇ, ಒಂದು ವರ್ಷ ನನ್ನ ಕೈಯಡುಗೆ ಉಂಡು ಈಗ ಗೇಟಿನ ಸಂದಿಯಲ್ಲಿ ನುಸುಳಲಾರದ ಕಾವಲುಗಾರರ ನಾಯಿಯನ್ನು ತಮ್ಮ ಸಂಶೋಧನೆಗೆ ಸೇರಿಸಿಕೊಳ್ಳಬೇಕು. ವಯಸ್ಸು ಎಳೆಯದೇ. ಡಬ್ಬಿ ನಿಂತು ಹೋದದ್ದರಿಂದ ಅದು ತಮ್ಮ ಮೇಲೆ ಪ್ರತ್ಯೇಕ ದೂರು ಕೊಡಬಹುದು.

ತಮ್ಮ ಹನ್ನೆರಡು ವಾರಗಳು ಮುಗಿದ ದಿನ ಮಗಳ ತೂಕ ಹೆಚ್ಚೂಕಡಿಮೆ ಅಷ್ಟೇ ಇತ್ತು, ಎತ್ತರ ಮಾತ್ರ ಒಂದು ಬೆರಳು ಏರಿತ್ತು. ಹೋದ ಶನಿವಾರ, ಅವಳಿಗೆ ಮೂವತ್ತಾರೆಂದು ಹೆಸರಿಟ್ಟ ಹುಡುಗಿಯೇ ಕ್ರೀಡಾಕೂಟದ ಸ್ಕರ್ಟು ಹೊಲಿಸಲು ಬಂದಳು. ಮಾವನವರು ಹೊರಗೆ ಹೋಗಿದ್ದರಿಂದ ಪುಸ್ತಕ ಹಿಡಿದು ಪರದೆಯೊಳಗೆ ನಿಂತವಳು ನನ್ನ ಮಗಳು. ಅವಳನ್ನು ಕಂಡದ್ದೇ ಆ ಕೂಸು ಹೊಟ್ಟೆಯನ್ನು ಬೆನ್ನಿಗಂಟುವಂತೆ ಒಳಗೆಳೆದುಕೊಂಡು, ಉಸಿರು ಬಿಗಿಹಿಡಿದು, ಕಣ್ಣು ಮುಚ್ಚಿ ನಿಂತಿತು. ನನ್ನ ಟೇಪು ಸೊಂಟದ ಸುತ್ತ ಬಂದು ಕಾಯುತ್ತಿತ್ತು. ಮಗಳು ಏನನ್ನುತ್ತಾಳೋ ಎಂದು ನಾನೂ ಉಸಿರು ಹಿಡಿದಿದ್ದೆ.

"ಉಸಿರು ಬಿಡು," ಎಂದಳು ಮಗಳು, ಪಿಸುದನಿಯಲ್ಲಿ. "ಇಲ್ಲಾಂದ್ರೆ ಆ ಸ್ಕರ್ಟಲ್ಲಿ ಓಡೋಕಾಗಲ್ಲ. ನಾನು ಯಾರಿಗೂ ಹೇಳಲ್ಲ."

ಹುಡುಗಿ ಉಸಿರು ಬಿಟ್ಟಳು. ಮಗಳು ಟೇಪಿನ ಅಂಕಿ ನೋಡಿ, ಬರೆದುಕೊಂಡು, ಪುಸ್ತಕ ಮುಚ್ಚಿದಳು. ಸೋಮವಾರದಿಂದ ಡಬ್ಬಿಯಲ್ಲಿ ಎರಡು ಮೊಟ್ಟೆ ಜಾಸ್ತಿ ಇಡು, ಇಬ್ಬರಿಗೆ ಬೇಕು ಎಂದಿದ್ದಾಳೆ. ಯಾರಿಗೆ ಎಂದು ಕೇಳಿದೆ, ಈ ಸಲ ಕೇಳಿದೆ. ನಿನಗೆ ಗೊತ್ತಲ್ಲ ಎಂದಳು.

ಇಷ್ಟೆಲ್ಲ ತೊಂದರೆ ಕೊಟ್ಟ ತಮಗೆ, ಮೂಲೆಯ ಸ್ಟೂಲಿನ ಮೇಲಿನ ತಕ್ಕಡಿ ಮೇಡಂ ಸಮೇತ, ನಮ್ಮ ಮನೆಯ ಮೇಜಿನಲ್ಲಿ ಒಂದು ದಿನ ಊಟ ಮಾಡುವ ಶಿಕ್ಷೆ ವಿಧಿಸಲಾಗಿದೆ ಎಂದು ತಿಳಿಸುತ್ತ,

ಕ್ಷಮಿಸಲು ಸಿದ್ಧಳಾಗಿರುವ, ಆದರೆ ಅವಸರವಿಲ್ಲದ,
ತಮ್ಮ ವಿಶ್ವಾಸಿ,
ಯೂನಿಫಾರಂ ಹೊಲಿಯುವ ಟೈಲರಮ್ಮ

ಮರೆತ ಮಾತು: ಗ್ರಾಫ್ ವಿವರಿಸಿದ ದಿನ, ಮಧ್ಯಾಹ್ನ ಮೂರು ಮುಕ್ಕಾಲಾದರೂ ತಮ್ಮ ಊಟದ ಡಬ್ಬಿ ಕಡತಗಳ ಕಪಾಟಿನ ಮೇಲೆ ಮುಚ್ಚಿದಂತೆಯೇ ಇತ್ತು, ಯುವಜನರು ಹೊತ್ತಿಗೆ ಸರಿಯಾಗಿ ಕೂತು ಉಣ್ಣಬೇಕೆಂದು ತಾವು ಹೇಳುತ್ತಿದ್ದ ಹತ್ತು ನಿಮಿಷಗಳಲ್ಲಿ ನಿಂತುಕೊಂಡೇ ಒಂಬತ್ತು ಬಿಸ್ಕತ್ತು ತಿಂದಿರಿ. ಹೊತ್ತು, ಸ್ಥಳ, ಸಂಖ್ಯೆ ಎಲ್ಲವನ್ನೂ ಬರೆದಿಟ್ಟಿದ್ದೇನೆ. ತಮ್ಮ ತಾಯಿಯವರ ವಿಳಾಸ ತಿಳಿಸಿದರೆ ಒಂದು ಪ್ರತಿಯನ್ನು ಅವರಿಗೂ ಕಳುಹಿಸಲು ಅನುಕೂಲವಾಗುತ್ತದೆ.