ಒಂಬತ್ತು ಆನೆ, ಒಂದು ಎಣ್ಣೆ ಚಷ್ಮಾ

2019ರ ಜನವರಿ 20, ರವಿವಾರ, ಬೆಳಿಗ್ಗೆ ಒಂಬತ್ತು ಗಂಟೆ ನಲವತ್ತು ನಿಮಿಷಕ್ಕೆ ನಮ್ಮ ಅಣ್ಣ ಜಯತೀರ್ಥ ತನ್ನ ಹೆಂಡತಿಯ ಮೂಗಿನ ಮೇಲೆ ಒಂದು ಯಂತ್ರವನ್ನು ಏರಿಸಿದ. ಅದಕ್ಕೆ ಅವನು ಇಟ್ಟ ಹೆಸರು ‘ಸರ್ವದೂರ ಚಷ್ಮಾ’. ನೋಡುವವರಿಗೆ ಮಾತ್ರ ಅದು ಎರಡು ಸಲೈನ್ ಬಾಟಲಿಗಳು ಕೈ ಕೈ ಹಿಡಿದುಕೊಂಡು ಕುಳಿತಂತೆ ಕಾಣುತ್ತಿತ್ತು.

“ಮುಕುಂದಾ, ಬಾ ಇಲ್ಲೆ! ಇತಿಹಾಸ ನಡೀಲಿಕತ್ತದ, ನೀ ಚಹಾ ಕುಡಕೋತ ಕೂತೀ!” ಎಂದು ಅಣ್ಣ ಮೇಲಿನಿಂದ ಕೂಗಿದ.

ಧಾರವಾಡದ ಮಾಳಮಡ್ಡಿಯ ಒಂದೇ ಮನೆಯಲ್ಲಿ ಕೆಳಗೆ ನಾನು, ಮೇಲೆ ಅವರಿಬ್ಬರು. ನಾನು ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತೇನೆ. ಅಣ್ಣ ಟೆಲಿಫೋನ್ ಇಲಾಖೆಯಿಂದ ನಿವೃತ್ತನಾದಾಗಿನಿಂದ ಯಂತ್ರಗಳನ್ನು ಮಾಡುತ್ತಾನೆ. ಅವನ ಹಿಂದಿನ ಯಂತ್ರ ಹಪ್ಪಳ ಒಣಗಿಸುವಂಥದು. ಹಪ್ಪಳ ಒಣಗಿದವು ನಿಜ, ಆದರೆ ನಾಲ್ಕು ಮನೆ ಆಚೆಯ ಮಾಳಿಗೆಯ ಮೇಲೆ!

ಈ ಸಲ ಅವನು ಕೈಹಾಕಿದ್ದು ವೈನಿಯ, ಅಂದರೆ ಅತ್ತಿಗೆಯ, ಕಣ್ಣಿಗೆ. ನಮ್ಮ ವೈನಿ ವೈಜಯಂತಿಯವರಿಗೆ ಕೆರಟೋಕೋನಸ್ ಎಂಬ ಬೇನೆ ಇದೆ. ಕಣ್ಣಿನ ಮುಂದಿನ ಪಾರದರ್ಶಕ ಪದರ ದುಂಡಗಿರಬೇಕು. ಅವರಿಗೆ ಅದು ತೆಳುವಾಗಿ ಶಂಕುವಿನಂತೆ ಮುಂದಕ್ಕೆ ಚಾಚಿಕೊಂಡಿದೆ. ಬರಿಗಣ್ಣಿಗೆ ಒಂದು ದೀಪ ಐದಾಗುತ್ತದೆ, ಐದಕ್ಕೂ ಒಂದೊಂದು ಬಾಲ ಹುಟ್ಟುತ್ತದೆ. ಬರೀ ಚಷ್ಮಾದಿಂದ ಇದು ಸರಿಹೋಗುವುದಿಲ್ಲ. ಕಣ್ಣಿನ ಮೇಲೆಯೇ ಗಟ್ಟಿ ಕಾಂಟ್ಯಾಕ್ಟ್ ಲೆನ್ಸ್ ಕೂರಿಸಿದರೆ ಲೋಕ ಒಂದಾಗುತ್ತದೆ. ಇಪ್ಪತ್ತು ವರ್ಷ ಹಾಗೇ ನಡೆಯಿತು. ನಲವತ್ತೈದು ದಾಟಿದ ಮೇಲೆ ಎಲ್ಲರಂತೆ ಅವರಿಗೂ ಹತ್ತಿರದ್ದು ಮಸುಕಾಯಿತು. ಆಗ ಲೆನ್ಸಿನ ಮೇಲೆ ಓದುವ ಚಷ್ಮಾ ಬಂತು. ಪುಸ್ತಕಕ್ಕೆ ಒಂದು, ಸೂಜಿಗೆ ಇನ್ನೊಂದು, ದೂರ ನೋಡಲು ಎರಡನ್ನೂ ತೆಗೆಯಬೇಕು.

“ಕಣ್ಣಿನ ಮ್ಯಾಲೆ ಒಂದು ಮಾಳಗಿ, ಅದರ ಮ್ಯಾಲೆ ಇನ್ನೊಂದು ಮಾಳಗಿ! ಇದೇನು ಕಣ್ಣೋ, ಅಪಾರ್ಟ್‌ಮೆಂಟೋ?” ಎಂದು ಅಣ್ಣ ದಿನಾ ಗೊಣಗುತ್ತಿದ್ದ.

ವೈನಿಗೆ ಆಗ ಅವಸರವಿತ್ತು. ಬಲಗಣ್ಣಿನ ಪದರ ತೀರ ತೆಳುವಾಗಿದೆ, ಮಾರ್ಚ್ ತಿಂಗಳಲ್ಲಿ ಕಸಿ ಮಾಡಲೇಬೇಕು, ಆಮೇಲೆ ಸೂಕ್ಷ್ಮ ಕೆಲಸ ಮಾಡಲು ಆಗುತ್ತದೆಂಬ ಭರವಸೆ ಕೊಡಲಾರೆ ಎಂದು ಡಾಕ್ಟರು ಹೇಳಿದ್ದರು. ಅಷ್ಟರೊಳಗೆ ಅವರು ಮುಗಿಸಬೇಕಾದ ಕೆಲಸ ಒಂದೇ ಒಂದು. ತೀರಿಹೋದ ಅವರ ಅವ್ವ ಅರ್ಧ ಬಿಟ್ಟ ಕಸೂತಿ. ಕಪ್ಪು ಚಂದ್ರಕಾಳಿ ಸೀರೆಯ ಸೆರಗಿನಲ್ಲಿ ಕೆಂಪು ದಾರದ ಒಂಬತ್ತು ಆನೆಗಳು.

ನಮ್ಮ ಕಡೆಯ ಕಸೂತಿಯಲ್ಲಿ ಬಟ್ಟೆಯ ಮೇಲೆ ಏನನ್ನೂ ಬರೆದುಕೊಳ್ಳುವುದಿಲ್ಲ. ನೇಯ್ಗೆಯ ಎಳೆಗಳನ್ನು ಎಣಿಸಿ ಎಣಿಸಿ ಸೂಜಿ ಚುಚ್ಚಬೇಕು. ಗಂಟು ಹಾಕುವಂತಿಲ್ಲ. ಹೋಗುವಾಗ ಒಂದು ಹೊಲಿಗೆ ಬಿಟ್ಟು ಒಂದು ಹೊಲಿಗೆ, ಬರುವಾಗ ಅದೇ ತೂತುಗಳಲ್ಲಿ ಇಳಿದು ನಡುವಿನ ಖಾಲಿ ತುಂಬಬೇಕು. ಆಗ ಸೀರೆಯ ಎರಡೂ ಮಗ್ಗುಲು ಒಂದೇ ರೀತಿ ಕಾಣುತ್ತವೆ. ವೈನಿಯ ಅವ್ವ ಒಂಬತ್ತೂ ಆನೆಗಳ ಮೇಲೆ ಹೋಗಿದ್ದರು, ಬಂದಿರಲಿಲ್ಲ. ಗಂಟಿಲ್ಲದ ಆ ದಾರವನ್ನು ಹಿಡಿದಿಡುವುದು ಮರಳಿ ಬರುವ ದಾರ ಮಾತ್ರ. ಪೆಟ್ಟಿಗೆಯಲ್ಲಿಟ್ಟ ಸೀರೆಯಿಂದ ಮೊದಲನೆಯ ಆನೆಯ ಬಾಲ ಆಗಲೇ ಜಾರಿ ಹೊರಬಂದಿತ್ತು.

“ಇದೊಂದು ಮುಗಿಸಿದ್ರ ಸಾಕು ನಂಗ. ಆಮ್ಯಾಲೆ ಕಣ್ಣು ಏನರ ಆಗ್ಲಿ” ಎಂದಿದ್ದರು ವೈನಿ.

ಅಂಥ ಮಾತಿಗೆ ಏನು ಹೇಳಬೇಕೆಂದು ಅಣ್ಣನಿಗೆ ತಿಳಿಯುವುದಿಲ್ಲ. ಹೀಗಾಗಿ ಅವನು ಯಂತ್ರ ಮಾಡಿದ.

ಎರಡು ತೆಳು ಪೊರೆಗಳ ನಡುವೆ ಸಿಲಿಕೋನ್ ಎಣ್ಣೆ, ಅದೇ ಚಷ್ಮಾದ ಗಾಜು. ಕಿವಿಯ ಹಿಂದೆ ಮೀನಿನ ತೊಟ್ಟಿಯ ಪಂಪಿನಿಂದ ಕತ್ತರಿಸಿ ತೆಗೆದ ಪುಟ್ಟ ಪಂಪು. ಮೂಗಿನ ಮೇಲೆ ಕಾರು ಹಿಂದಕ್ಕೆ ಹೋಗುವಾಗ ಕೂಗುವ ಸೆನ್ಸರು. ಎದುರಿನ ವಸ್ತು ಹತ್ತಿರವಿದ್ದರೆ ಪಂಪು ಎಣ್ಣೆ ತುಂಬಿ ಗಾಜನ್ನು ಉಬ್ಬಿಸುತ್ತದೆ, ದೂರವಿದ್ದರೆ ಇಳಿಸುತ್ತದೆ.

“ಪೇಪರ್ ಓದು” ಎಂದ ಅಣ್ಣ. ವೈನಿ ಓದಿದರು. “ಕ್ಯಾಲೆಂಡರ್?” ಓದಿದರು. “ಆ ನೀರಿನ ಟಾಕಿ ಮ್ಯಾಲೆ ಏನದ?”

“ಕಾಗಿ. ಒಂದ ಕಾಗಿ!” ವೈನಿಯ ಮುಖ ಅರಳಿತು.

“ಪೀಂ ಪೀಂ ಪೀಂ” ಎಂದಿತು ಚಷ್ಮಾ.

“ಅಣ್ಣಾ, ಆ ಸಪ್ಪಳ ತಗೀಲಿಕ್ಕೆ ಬರೂದಿಲ್ಲೇನು?” ಎಂದೆ.

“ಬಿಚ್ಚಿದ್ರ ಗ್ಯಾರಂಟಿ ಹೋಗ್ತದಲೇ!”

ಅಂದು ಮಧ್ಯಾಹ್ನವೇ ವೈನಿಯ ಚೀರಾಟ ಕೇಳಿಸಿತು. “ರೀ! ಆನಿ ಉಸಿರಾಡ್ಲಿಕತ್ತಾವ್ರೀ!”

ನಾನು ಓಡಿದೆ. ಸಂಗತಿ ಸರಳವಾಗಿತ್ತು. ಹೊಲಿಯುವಾಗ ಸೂಜಿ ಹಿಡಿದ ಕೈ ಕಣ್ಣಿನ ಹತ್ತಿರಕ್ಕೆ ಏರುತ್ತದೆ, ಮತ್ತೆ ಇಳಿಯುತ್ತದೆ. ಸೆನ್ಸರಿಗೆ ಬಟ್ಟೆ ಯಾವುದು, ಕೈ ಯಾವುದು ಎಂದು ಯಾರು ಹೇಳಬೇಕು? ಕೈ ಏರಿದಾಗಲೆಲ್ಲ ಗಾಜು ಉಬ್ಬುತ್ತಿತ್ತು, ಇಳಿದಾಗ ಕುಗ್ಗುತ್ತಿತ್ತು. ಒಂಬತ್ತೂ ಆನೆಗಳು ಒಟ್ಟಿಗೆ ಹೊಟ್ಟೆ ಉಬ್ಬಿಸಿ ಇಳಿಸುತ್ತಿದ್ದವು.

“ಆನಿ ಅಂದಮ್ಯಾಲೆ ಉಸಿರಾಡಬಾರದೇನು?” ಎಂದ ಅಣ್ಣ.

“ನಂಗ ವಾಂತಿ ಬರೂ ಹಂಗಾಗೇದ, ನಿಮಗ ಚೇಷ್ಟಿ! ನನ್ನ ಹಳೀ ಚಷ್ಮಾ ಕೊಡ್ರಿ ಇತ್ತ.”

“ಹಳೀದರಾಗ ದಿನಕ್ಕ ಒಂದು ಕಾಲು ಹೊಲೀತಿ. ಒಂಬತ್ತು ಆನಿಗೆ ಮೂವತ್ತಾರು ಕಾಲು. ಸೊಂಡಿ, ಬೆನ್ನು, ಹೊಟ್ಟಿ ಬ್ಯಾರೆ. ಮಾರ್ಚಿನೊಳಗ ಮುಗೀತದೇನು?”

ಆ ಲೆಕ್ಕದಲ್ಲಿ ತಪ್ಪಿರಲಿಲ್ಲ. ವೈನಿ ಯಂತ್ರವನ್ನು ಮತ್ತೆ ಅವನ ಕೈಗೆ ಕೊಟ್ಟರು.

ಮೂರು ದಿನಗಳ ನಂತರ ಎರಡನೆಯ ಆವೃತ್ತಿ ಬಂತು. ಸೆನ್ಸರಿನ ಜಾಗದಲ್ಲಿ ಸಾಸಿವೆ ಗಾತ್ರದ ಕ್ಯಾಮೆರಾ. ಅದು ನೋಡುವುದು ಬಟ್ಟೆಯನ್ನಲ್ಲ, ವೈನಿಯ ಕಣ್ಣನ್ನು. ಪಾಪೆ ಎತ್ತ ತಿರುಗಿದೆ, ಎಷ್ಟು ಕಿರಿದಾಗಿದೆ ಎಂದು ಅಳೆದು ಗಾಜನ್ನು ಹೊಂದಿಸುತ್ತದೆ. ಆದರೆ ಅಣ್ಣ ಅದನ್ನು ಪರೀಕ್ಷೆ ಮಾಡಿದ್ದು ತನ್ನ ಕಣ್ಣಿನ ಮೇಲೆ. ಅವನ ಕಣ್ಣಿನಲ್ಲಿ ಲೆನ್ಸ್ ಇಲ್ಲ. ವೈನಿಯ ಕಣ್ಣಿನಲ್ಲಿದ್ದ ಗಟ್ಟಿ ಲೆನ್ಸು ರೆಪ್ಪೆ ಬಡಿದಾಗಲೆಲ್ಲ ಕೊಂಚ ಮೇಲೆ ಹೋಗಿ ಕೆಳಗೆ ಜಾರುತ್ತದೆ. ಕ್ಯಾಮೆರಾ ಅದರ ಹೊಳೆಯುವ ಅಂಚನ್ನೇ ಪಾಪೆ ಎಂದು ತಿಳಿಯಿತು. ಪ್ರತಿ ರೆಪ್ಪೆಬಡಿತಕ್ಕೆ ಒಂದು ಪಂಪು!

“ರೆಪ್ಪಿ ಬಡೀಬ್ಯಾಡ” ಎಂದು ಅಣ್ಣ ಅಪ್ಪಣೆ ಮಾಡಿ, ಪಂಪು ನೋಡಲು ಅವರ ಮುಂದೆ ಬಗ್ಗಿ ಕುಳಿತ.

“ಎಷ್ಟೊತ್ತು?”

“ನಾ ಹೇಳೂತನಾ.”

ವೈನಿ ಕಣ್ಣು ಬಿಟ್ಟುಕೊಂಡು ಕುಳಿತರು. ಕಣ್ಣು ಒಣಗಿತು, ಕೆಂಪಾಯಿತು. ಕೊನೆಗೆ ತಡೆಯಲಾರದೆ ಚಷ್ಮಾ ಕಿತ್ತು ಒಮ್ಮೆ ಜೋರಾಗಿ ರೆಪ್ಪೆ ಬಡಿದರು. ಬಲಗಣ್ಣಿನ ಲೆನ್ಸು ಟಪ್ಪೆಂದು ಹಾರಿಹೋಯಿತು.

ನಾವು ಮೂವರೂ ನೆಲಕ್ಕೆ ಬಿದ್ದೆವು. ಚಾಪೆ ಜಾಡಿಸಿದೆವು, ದಾರದ ಡಬ್ಬಿ ಸುರುವಿದೆವು. ಅಣ್ಣ ಟಾರ್ಚು ಹಿಡಿದು ಮಂಚದ ಕೆಳಗೆ ಹೊಕ್ಕು ಹೊರಬಂದ. ಎಡಗಣ್ಣೂ ಉರಿಯುತ್ತಿದ್ದುದರಿಂದ ವೈನಿ ಅದರ ಲೆನ್ಸನ್ನೂ ತೆಗೆದು ಡಬ್ಬಿಯಲ್ಲಿಟ್ಟು, ಗೋಡೆಗೊರಗಿ ಕುಳಿತಿದ್ದರು.

“ನಿಮ್ಮ ತಲಿ ಮ್ಯಾಲೆ ಏನೋ ಹೊಳೀತದ ನೋಡ್ರಿ” ಎಂದರು.

“ಅದು ಯಾವಾಗಲೂ ಹೊಳೀತದ. ಸುಮ್ಮನಿರು” ಎಂದ ಬೋಳುತಲೆಯ ಅಣ್ಣ.

“ಅಲ್ಲರೀ, ಚುಕ್ಕಿ ಹಂಗ ಹೊಳೀತದ. ಆದ್ರ ನಂಗ ನಿಮ್ಮವು ಐದು ತಲಿ ಕಾಣ್ತಾವ. ಯಾವ ತಲಿ ಮ್ಯಾಲೆ ಅಂತ ಹೇಳ್ಲಿ?”

ಲೆನ್ಸು ಅಲ್ಲೇ ಇತ್ತು. ಬೆವರಿಗೆ ಅಂಟಿಕೊಂಡು, ಮಂಚದ ಕೆಳಗೂ ಒಂದು ಸುತ್ತು ಹೋಗಿ ಬಂದಿತ್ತು.

ನಾವು ನಕ್ಕೆವು. ವೈನಿಯೂ ನಕ್ಕರು. ಆದರೆ ಒಣಗಿದ ಕಣ್ಣು ಗೀರಿಕೊಂಡಿತ್ತು. ಆರು ದಿನ ಬಲಗಣ್ಣಿಗೆ ಲೆನ್ಸ್ ಹಾಕುವಂತಿರಲಿಲ್ಲ. ಆ ಆರು ದಿನ ಅವರು ಸೀರೆಯನ್ನು ತೊಡೆಯ ಮೇಲೆ ಹರವಿಕೊಂಡು, ಆನೆಗಳ ಮೇಲೆ ಬೆರಳಾಡಿಸುತ್ತ ಕಿಟಕಿಯ ಹತ್ತಿರ ಕುಳಿತಿರುತ್ತಿದ್ದರು. ಅಣ್ಣ ಆ ಕೋಣೆಗೆ ಹೋಗುತ್ತಿರಲಿಲ್ಲ. ಕೆಳಗೆ ನನ್ನ ಮನೆಯಲ್ಲಿ ಕುಳಿತು ಬೆಸುಗೆ ಹಾಕುತ್ತಿದ್ದ.

“ಈ ಸಲ ಅದಕ್ಕ ಬುದ್ಧಿ ಕೊಟ್ಟೀನಿ. ತಾನ ಕಲೀತದ” ಎಂದ.

ಮೂರನೆಯ ಆವೃತ್ತಿಗೆ ನಿಜವಾಗಿಯೂ ಬುದ್ಧಿ ಇತ್ತು. ಅದು ಪಾಪೆಯನ್ನು ಬಿಟ್ಟು ರೆಪ್ಪೆಗಳನ್ನು ಗಮನಿಸುತ್ತಿತ್ತು. ಸರಿಯಾಗಿ ಕಾಣದಿದ್ದಾಗ ಮನುಷ್ಯ ಕಣ್ಣು ಕಿರಿದು ಮಾಡುತ್ತಾನಲ್ಲ, ಹಾಗೆ ಮಾಡದಂತೆ ನೋಡಿಕೊಳ್ಳುವುದೇ ಅದರ ಗುರಿ. ಪೊರೆಯ ಒಂದೊಂದು ಭಾಗವನ್ನೂ ಒಂದೊಂದು ಕೂದಲಿನಷ್ಟು ಎತ್ತಿ, ಇಳಿಸಿ, ವೈನಿ ಕಣ್ಣು ಕಿರಿದು ಮಾಡುವುದನ್ನು ನಿಲ್ಲಿಸುವ ತನಕ ಪ್ರಯತ್ನಿಸುತ್ತಿತ್ತು.

ಪರಿಣಾಮ ಅದ್ಭುತವಾಗಿತ್ತು! ಮೊದಲ ವಾರದಲ್ಲಿ ಮೂರು ಆನೆ ಮುಗಿದವು.

“ಇಷ್ಟು ಛಲೋ ನಂಗ ಎಂದೂ ಕಂಡಿಲ್ಲ ಮುಕುಂದಾ” ಎಂದರು ವೈನಿ. “ಅವ್ವನ ದಾರದ ನಾರು ಸುದ್ಧಾ ಕಾಣ್ತದ.”

“ಬರಕೋ! ತಾರೀಖು ಹಾಕಿ ಬರಕೋ!” ಎಂದು ಅಣ್ಣ ಕುಣಿದ.

ಎರಡನೆಯ ವಾರದಲ್ಲಿ ಇನ್ನೂ ಮೂರು, ಮೂರನೆಯ ವಾರದ ಕೊನೆಗೆ ಒಂಬತ್ತನೆಯದು. ಕೊನೆಯ ಸೊಂಡಿಲಿನ ತುದಿಯಲ್ಲಿ ವೈನಿ ದಾರ ಕತ್ತರಿಸಿದರು. ಚಷ್ಮಾ ತೆಗೆದಿಟ್ಟು, ದೇವರ ಮುಂದೆ ದೀಪ ಹಚ್ಚಲು ಹೋದರು. ಅಷ್ಟು ಹಗುರಾಗಿದ್ದ ಆ ಮನೆಯನ್ನು ನಾನು ಬಹಳ ದಿನಗಳಿಂದ ನೋಡಿರಲಿಲ್ಲ.

ಒರೆಸಿ ಇಡೋಣವೆಂದು ನಾನು ಚಷ್ಮಾ ಎತ್ತಿಕೊಂಡೆ. ಮಗ್ಗುಲಿನಿಂದ ನೋಡಿದಾಗ ಏನೋ ವಿಚಿತ್ರ ಕಂಡಿತು. ಗಾಜುಗಳು ದುಂಡಗಿರಲಿಲ್ಲ. ಎರಡೂ ಮೋದಕದ ತುದಿಯಂತೆ ಮುಂದಕ್ಕೆ ಚೂಪಾಗಿದ್ದವು. ಕಣ್ಣಿಗೆ ಏರಿಸಿ ನೋಡಿದೆ. ಅಣ್ಣ ನಾಲ್ಕು ಮಂದಿಯಾಗಿ ಕಾಣಿಸಿದ. ಒಬ್ಬನನ್ನು ನಿಭಾಯಿಸುವುದೇ ನಮಗೆ ಕಷ್ಟವಾಗಿತ್ತು.

ಮರುದಿನ ಹುಬ್ಬಳ್ಳಿಗೆ, ವೈನಿಯ ಕಣ್ಣಿನ ಡಾಕ್ಟರ ಬಳಿಗೆ ಹೋದೆವು. ಡಾಕ್ಟರ್ ಹಂಪಿಹೊಳಿಯವರು ತಾಳ್ಮೆಯ ಮನುಷ್ಯ. ಕಣ್ಣಿನ ಮೇಲ್ಮೈಯ ನಕ್ಷೆ ತೆಗೆಯುವ ಯಂತ್ರದ ಮುಂದೆ, ಗದ್ದ ಇಡುವ ಜಾಗದಲ್ಲಿ, ಅಣ್ಣ ನಮ್ಮ ಬುತ್ತಿಯ ಡಬ್ಬಿಯನ್ನು ಬೋರಲು ಹಾಕಿ ಅದರ ಮೇಲೆ ಚಷ್ಮಾ ಕೂರಿಸಿದ.

“ಪೇಷಂಟ್ ಹೆಸರು?” ಎಂದು ಯಂತ್ರದ ಮುಂದೆ ಕುಳಿತ ಹುಡುಗಿ ಕೇಳಿದಳು.

“ಸರ್ವದೂರ.”

“ವಯಸ್ಸು?”

“ಮೂರು ವಾರ.”

ತೆರೆಯ ಮೇಲೆ ನಕ್ಷೆ ಮೂಡಿತು. ನಡುವೆ ಕೆಂಪಗೆ ಒಂದು ಗುಡ್ಡ. ವೈನಿಯ ಕಣ್ಣಿನ ನಕ್ಷೆಯನ್ನು ಪಕ್ಕದಲ್ಲಿಟ್ಟು ಡಾಕ್ಟರು ಎರಡನ್ನೂ ಬಹಳ ಹೊತ್ತು ನೋಡಿದರು.

“ಜಯತೀರ್ಥ ಅವರ, ನಿಮ್ಮ ಚಷ್ಮಾಕ್ಕ ಕೆರಟೋಕೋನಸ್ ಆಗ್ಯದ.”

“ಚಷ್ಮಾಕ್ಕ?”

“ಚಷ್ಮಾಕ್ಕ. ಅದೂ ಭಾಳ ಜೋರು. ಸಣ್ಣ ವಯಸ್ಸಿನಾಗ ಬಂದ್ರ ಬ್ಯಾಗ ಬೆಳೀತದ, ಏನ್ ಮಾಡೂದು!”

“ಉಪಾಯ ಇಲ್ಲೇನ್ರಿ?”

“ಅದರ ಮ್ಯಾಲೆ ಒಂದು ಗಟ್ಟಿ ಲೆನ್ಸ್ ಕೂಡಿಸಿದ್ರ ನೆಟ್ಟಗಾಗ್ತದ.”

ಅಣ್ಣ ಗಂಭೀರವಾಗಿ ಯೋಚಿಸಿದ. “ಹತ್ತರದ್ದು ಕಾಣಲಿಕ್ಕೆ ಮತ್ತ ಅದರ ಮ್ಯಾಲೆ ಓದೂ ಚಷ್ಮಾ?”

“ಬೇಕಾಗ್ತದ.”

ಹುಡುಗಿ ಬಾಯಿಗೆ ಕೈ ಅಡ್ಡ ಹಿಡಿದಳು. ನಾನೂ ನಕ್ಕೆ. ವೈನಿ ನಗಲಿಲ್ಲ.

“ಡಾಕ್ಟರ್, ಇದು ಎಂದಿನಿಂದ ಹಿಂಗಾಗಿರಬೇಕು?” ಎಂದು ಕೇಳಿದರು.

ಚಷ್ಮಾದ ನೆನಪಿನಲ್ಲಿದ್ದ ಅಂಕಿಗಳನ್ನು ಅಣ್ಣ ಅಲ್ಲೇ ತನ್ನ ಲ್ಯಾಪ್‌ಟಾಪಿನಲ್ಲಿ ತೆಗೆದು ನೋಡಿದ. “ಎರಡನೇ ವಾರದಿಂದ.”

ಮನೆಗೆ ಬಂದು ವೈನಿ ತಮ್ಮ ಹಳೆಯ ಸೂಜಿಯ ಚಷ್ಮಾ ಹಾಕಿಕೊಂಡು ಸೆರಗನ್ನು ಬಿಚ್ಚಿದರು. ಮೊದಲ ಮೂರು ಆನೆಗಳು ಎರಡೂ ಮಗ್ಗುಲು ಒಂದೇ ಆಗಿದ್ದವು. ನಾಲ್ಕನೆಯದರಿಂದ ಒಂಬತ್ತನೆಯದರವರೆಗೆ ಆನೆಗಳ ಬೆನ್ನಿನ ಗೆರೆ ಗರಗಸದಂತೆ ಹಲ್ಲುಹಲ್ಲಾಗಿತ್ತು. ಯಂತ್ರ ಕಪಟ ಮಾಡಿರಲಿಲ್ಲ. ಶಂಕುವಿನಂಥ ಗಾಜಿನಲ್ಲಿ ಕೆಂಪು ದಾರ ಎರಡಾಗಿ ಕಂಡಿತ್ತು, ಒಂದು ದಾರ, ಇನ್ನೊಂದು ಅದರ ನೆರಳು. ಯಾವುದನ್ನು ಸ್ಪಷ್ಟ ಮಾಡಿದರೆ ಕಣ್ಣು ಕಿರಿದಾಗುವುದಿಲ್ಲವೋ ಅದನ್ನು ಸ್ಪಷ್ಟ ಮಾಡಬೇಕೆಂದು ಅದು ಕಲಿತಿತ್ತು. ಅದು ನೆರಳನ್ನು ಆರಿಸಿತ್ತು. ವೈನಿಯ ಸೂಜಿ ಅವ್ವನ ತೂತಿನಲ್ಲಿ ಇಳಿಯದೆ ಪಕ್ಕದಲ್ಲಿ ಇಳಿದಿತ್ತು.

“ಬಿಚ್ಚಿ ಮತ್ತ ಹೊಲಿದ್ರಾತು. ಇನ್ನೂ ದಿನ ಅವ” ಎಂದ ಅಣ್ಣ.

ವೈನಿ ಒಂಬತ್ತನೆಯ ಆನೆಯ ಸೊಂಡಿಲಿನಿಂದ ಒಂದು ಹೊಲಿಗೆಯನ್ನು ಸೂಜಿಯ ಮೊನೆಯಿಂದ ಎತ್ತಿದರು. ಅವರ ದಾರ ಹೋಗುವಾಗ ಅಲ್ಲಲ್ಲಿ ಅವ್ವನ ಹಳೆಯ ದಾರವನ್ನು ಸೀಳಿಕೊಂಡು ಹೋಗಿತ್ತು. ಎಳೆದ ಹಾಗೆ ಅದೂ ಜೊತೆಗೆ ಬಂತು. ಬೆರಳಿನ ಉಗುರಿನಷ್ಟು ಕೆಂಪು ದಾರ, ಮಾಸಿದ ಬಣ್ಣದ್ದು, ಅವರ ಅಂಗೈಯಲ್ಲಿ ತುಂಡಾಗಿ ಬಿತ್ತು.

ಅವರು ಸೂಜಿಯನ್ನು ಕೆಳಗಿಟ್ಟರು.

“ನಾ ಒಂದು ಮಷೀನ್ ಮಾಡ್ತೀನಿ. ಬಿಚ್ಚೂದಷ್ಟ. ಅವ್ವನ ದಾರಕ್ಕ ಏನೂ ಆಗದ ಹಂಗ…”

“ಬ್ಯಾಡ್ರಿ.”

“ಕ್ಯಾಮೆರಾ ಬದಲಿ ಮಾಡಿ…”

“ಬ್ಯಾಡ ಅಂದೆ. ಹಿಂಗ ಇರ್ಲಿ. ಅವ್ವನ ದಾರ ಬಿದ್ದರ ಹೋಗೂದಿಲ್ಲ, ಅಷ್ಟರ ಆತಲ್ಲ.”

ಅಣ್ಣ ವಾದ ಬಿಟ್ಟದ್ದನ್ನು ನಾನು ನೋಡಿದ್ದು ಅದೇ ಮೊದಲು. ಆಮೇಲೆ ಅವನು ಕೆಳಗೆ ನನ್ನ ಮನೆಗೆ ಬಂದ.

“ಹೊಲಿಗಿ ಎಷ್ಟು ತಪ್ಪೇದ ಅಂತ ಅಳೆದು ಹೇಳು ನಂಗ. ಅಂದಾಜು ಬ್ಯಾಡ” ಎಂದ.

ವೈನಿಯ ಬಲಗಣ್ಣಿನ ಕಸಿ ಮಾರ್ಚ್ ಎರಡನೆಯ ವಾರದಲ್ಲಿ ಆಯಿತು. ಪಟ್ಟಿ ಬಿಚ್ಚಿದರು. ಬೆಳಕು ಕಾಣುತ್ತದೆ, ಮುಖ ಕಾಣುತ್ತದೆ, ಎಳೆ ಕಾಣುವುದಿಲ್ಲ. ಲೆನ್ಸ್ ಹಾಕಲು ಇನ್ನೊಂದು ವರ್ಷ ಕಾಯಬೇಕಂತೆ. ಅವರು ಆಸ್ಪತ್ರೆಯಲ್ಲಿದ್ದಾಗ ನಾನು ಸೀರೆಯನ್ನು ಕಾಲೇಜಿಗೆ ಒಯ್ದು, ಭೌತಶಾಸ್ತ್ರ ವಿಭಾಗದ ಸೂಕ್ಷ್ಮದರ್ಶಕದ ಕೆಳಗೆ ತಪ್ಪಿದ ಆರೂ ಆನೆಗಳ ಬೆನ್ನಿನ ಗೆರೆಯನ್ನು ಅಳೆದೆ. ಪ್ರತಿ ಆನೆಗೆ ಹತ್ತು ಜಾಗದಲ್ಲಿ ಅಳತೆ ತೆಗೆದು ಸರಾಸರಿ ಮಾಡಿದೆ.

ಅವ್ವನ ದಾರಕ್ಕೂ ಮಗಳ ದಾರಕ್ಕೂ ನಡುವಿನ ಅಂತರ 0.4 ಮಿಲಿಮೀಟರ್.