ಎಣ್ಣೆ ಮೂಸುವ ನಮ್ಮ ಮಾಮಾ

ನಮ್ಮ ಮಾಮಾನಿಗೆ, ಅಂದರೆ ನನ್ನ ತಾಯಿಯ ಅಣ್ಣನಿಗೆ, ತಮ್ಮ ಹೊಟ್ಟೆಗಿಂತ ಕಾರಿನ ಹೊಟ್ಟೆಯ ಚಿಂತೆಯೇ ಹೆಚ್ಚು ಎಂದರೆ ನೀವು ನಂಬಲಿಕ್ಕಿಲ್ಲ. ಗಂಗಾವತಿಯ ಬಸ್‌ಸ್ಟ್ಯಾಂಡಿನ ಹತ್ತಿರ ಬಂಡಿಯ ಮುಂದೆ ನಿಂತು ಮಿರ್ಚಿ ತಿನ್ನುವಾಗ, ಆ ಬಾಣಲೆಯ ಎಣ್ಣೆ ಯಾವುದು, ಯಾವ ಕಾಲದ್ದು, ಯಾಕೆ ಅಷ್ಟು ಕಪ್ಪಗಿದೆ ಎಂದು ಒಂದು ಸಲವಾದರೂ ಕೇಳಿದ್ದಾರೆಯೇ? ಇಲ್ಲ! ಆದರೆ ತಮ್ಮ ಹಳೆಯ ಬಿಳಿ ಕಾರಿಗೆ ಎಂಜಿನ್ ಆಯಿಲ್ ಕೊಳ್ಳಬೇಕಾದರೆ ಮಾತ್ರ ಅಂಗಡಿಯಲ್ಲೇ ಡಬ್ಬಿ ಬಿಚ್ಚಿಸಿ, ಮುಚ್ಚಳಕ್ಕೆ ಒಂದಿಷ್ಟು ಸುರಿಸಿಕೊಂಡು, ಹೆಬ್ಬೆರಳು ತೋರುಬೆರಳಿನ ನಡುವೆ ತಿಕ್ಕಿ, ಕಣ್ಣು ಮುಚ್ಚಿ ಮೂಸುತ್ತಾರೆ.

ಇದಕ್ಕೆ ಕಾರಣವಿದೆ. ಮಾಮಾ ಬದುಕಿಡೀ ಅಕ್ಕಿ ವ್ಯಾಪಾರ ಮಾಡಿದವರು. ಚೀಲಕ್ಕೆ ಕೈ ಹಾಕಿ ಹಿಡಿ ಅಕ್ಕಿ ತೆಗೆದು, ಅಂಗೈಯಲ್ಲಿ ತಿಕ್ಕಿ, ಉಫ್ ಎಂದು ಊದಿ, ಒಂದು ಕಾಳು ಹಲ್ಲಿಗೆ ಕೊಟ್ಟರೆ ಸಾಕು, ಅದು ಹೊಸ ಅಕ್ಕಿಯೋ ಹಳೆಯದೋ ಎಂದು ಹೇಳಿಬಿಡುತ್ತಾರೆ. ಅಕ್ಕಿಗೆ ನಡೆದ ವಿದ್ಯೆ ಎಣ್ಣೆಗೂ ನಡೆಯಬೇಕು ಎಂಬುದು ಅವರ ಗಟ್ಟಿ ನಂಬಿಕೆ. ಪುಣ್ಯಕ್ಕೆ ಎಣ್ಣೆಯನ್ನು ಹಲ್ಲಿಗೆ ಕೊಡುವುದಿಲ್ಲ. ಕೊಟ್ಟಿಲ್ಲ ಎಂದು ನಾನಂತೂ ಆಣೆ ಮಾಡಿ ಹೇಳಲಾರೆ.

ಈ ವಿದ್ಯೆ ಒಂದು ಸಲ ಕೈಕೊಟ್ಟಿತು. ಹೋದ ಚಳಿಗಾಲದಲ್ಲಿ ಮಾಮಾ ಮೂಸಿ, ತಿಕ್ಕಿ, "ಇದು ಮಾಲು!" ಎಂದು ಆರಿಸಿದ ಎಣ್ಣೆ ಕಾಕಂಬಿಯಷ್ಟು ಗಟ್ಟಿಯಾಗಿತ್ತು. ಬೆಳಿಗ್ಗೆ ಮಾಮಾನ ಅಂಗಡಿಯ ಮುಂದೆ ಎಂಜಿನ್ ಒಂದು ಸುತ್ತೂ ತಿರುಗಲಿಲ್ಲ. ಅಂಗಡಿ ಸಾಲಿನ ಹಮಾಲರೆಲ್ಲ ಸೇರಿ ತಳ್ಳಿದರು. ಒಳಗೆ ಕುಳಿತಿದ್ದ ನಮ್ಮ ಅತ್ತೆ, ಅಂದರೆ ಮಾಮಾನ ಹೆಂಡತಿ, ಮೆರವಣಿಗೆಯಲ್ಲಿ ಹೊರಟಂತೆ ಪೇಟೆಯ ತುಂಬ ಸಾಗಿ ಮನೆಗೆ ಬಂದವರೇ ಅಪ್ಪಣೆ ಹೊರಡಿಸಿದರು:

"ಇನ್ನೊಂದು ಸಲ ದಾರ್ಯಾಗ ನಿಂತ್ರ ಈ ಡಬ್ಬಿ ಗುಜರಿಗೆ! ಮಗ ಅಷ್ಟು ದೊಡ್ಡ ಗಾಡಿ ತಂದು ಬಾಗಲ ಮುಂದ ನಿಲ್ಲಿಸ್ಯಾನ. ನಿಮಗ್ಯಾಕ್ರಿ ಈ ಹುಚ್ಚು?"

ಮಾಮಾನಂಥವರೂ ಅಂದು ಬೆವರಿದರು. ಕಾರು ಹೋಗುತ್ತದೆಂದರೆ ಅವರ ಮುಖ ನೋಡಲಾಗುತ್ತಿರಲಿಲ್ಲ. ಮಗನ ದೊಡ್ಡ ಗಾಡಿಯಲ್ಲಿ ಅತ್ತೆಯೇನೂ ಓಡಾಡುತ್ತಿರಲಿಲ್ಲ ಎಂಬುದು ಬೇರೆ ಮಾತು. "ಅದರಾಗಿನ ಎ.ಸಿ. ವಾಸನಿಗೆ ನನಗ ತಲಿ ತಿರಗತೈತಿ" ಎನ್ನುತ್ತಿದ್ದರು.

ಈ ಸಂಕಟದ ಗಳಿಗೆಯಲ್ಲಿ ತಜ್ಞನಾಗಿ ಪ್ರವೇಶಿಸಿದವನು ನಾನು. ನನ್ನ ಅರ್ಹತೆ ಕೇಳುತ್ತೀರಾ? ಕೊಪ್ಪಳದ ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುತ್ತೇನೆ. ನನಗೆ ಕಾರಿಲ್ಲ. ಇರುವ ಸ್ಕೂಟರಿನಲ್ಲಿ ಪೆಟ್ರೋಲು ಮುಗಿದಿದ್ದನ್ನು ತಿಳಿಯದೆ ಮೆಕ್ಯಾನಿಕ್ಕನ್ನು ಕರೆಸಿದವನು. ಆದರೆ ಮೊಬೈಲಿದೆಯಲ್ಲ!

ಮೊದಲು ನಾನು ಹೇಳಿದ್ದು, ಹೊಸ ಕಾರನ್ನೇ ಕೊಳ್ಳಿ ಎಂದು. ಮಾಮಾ ಒಪ್ಪಿ ಶೋರೂಮುಗಳಿಗೆ ಬಂದರು. ನಾನು ಎಂಜಿನ್ ಶಕ್ತಿ, ಮೈಲೇಜು ಎಂದು ನನಗೇ ಅರ್ಥವಾಗದ ಪ್ರಶ್ನೆಗಳನ್ನು ಕೇಳುತ್ತಿದ್ದರೆ, ಮಾಮಾ ಬಾನೆಟ್ಟಿನ ಕಡೆ ಕಣ್ಣೆತ್ತಿಯೂ ನೋಡುತ್ತಿರಲಿಲ್ಲ. ಸೀದಾ ಹೋಗಿ ಎಡಗಡೆಯ ಬಾಗಿಲು ತೆರೆದು, ಬೆನ್ನು ತಿರುಗಿಸಿ ಸೀಟಿನ ಮೇಲೆ ಕೂತು, ಎದ್ದು, ಮತ್ತೆ ಕೂತು, ಮತ್ತೆ ಎದ್ದು, "ಬ್ಯಾಡ, ನಡಿ" ಎನ್ನುತ್ತಿದ್ದರು.

"ಸರ್, ಡ್ರೈವರ್ ಸೀಟು ಆ ಕಡೆ ಐತ್ರಿ" ಎಂದ ಅಲ್ಲಿನವನಿಗೆ, "ಅದರಾಗೇನ್ ನೋಡೂದೈತಿ? ಎಲ್ಲಾ ಗಾಡ್ಯಾಗೂ ಒಂದ ಸ್ಟೇರಿಂಗ್ ಇರ್ತೈತಿ!" ಎಂದರು. ನಾನು ಆತನನ್ನು ನೋಡಿ, ವಯಸ್ಸಾಗಿದೆ ಎಂಬಂತೆ ಕೈಸನ್ನೆ ಮಾಡಿದೆ. ನನ್ನ ಜಾಣತನ ನೋಡಿ!

ಹೊಸ ಕಾರು ಆಗಲಿಲ್ಲವಾದ್ದರಿಂದ ಹಳೆಯದರ ಎಣ್ಣೆಯನ್ನು ನಾನೇ ಆರಿಸುವುದೆಂದು ತೀರ್ಮಾನವಾಯಿತು. ರಜೆಯ ದಿನಗಳನ್ನೆಲ್ಲ ಸುರಿದು ವಿಡಿಯೋಗಳನ್ನು ನೋಡಿದೆ. ಹಿಮದಲ್ಲಿ ಹೂತ ಕಾರನ್ನು ಸಲಿಕೆಯಿಂದ ಬಿಡಿಸುತ್ತಾ ಯಾರೋ ಗಡ್ಡದ ಸಾಹೇಬ ಹೇಳಿದ, ಎಣ್ಣೆ ತೆಳ್ಳಗಿದ್ದಷ್ಟೂ ಒಳ್ಳೆಯದು ಎಂದು. ಅವನ ಊರಿನಲ್ಲಿ ಹಿಮ, ನಮ್ಮ ಗಂಗಾವತಿಯಲ್ಲಿ ಬೇಸಿಗೆಗೆ ಡಾಂಬರು ಚಪ್ಪಲಿಗೆ ಅಂಟುತ್ತದೆ ಎಂಬ ಸಣ್ಣ ವ್ಯತ್ಯಾಸ ನನ್ನ ತಲೆಗೆ ಹೊಳೆಯಲೇ ಇಲ್ಲ. ಗೇರುಪೆಟ್ಟಿಗೆಗೂ ಅವನು ಹೇಳಿದ್ದನ್ನೇ, ಕೆಂಪನೆಯ ಒಂದು ದ್ರವವನ್ನು, ಮೊಬೈಲಿನಲ್ಲೇ ತರಿಸಿದೆ. ಅದು ತಾನೇ ಗೇರು ಬದಲಿಸಿಕೊಳ್ಳುವ ಕಾರುಗಳಿಗೆ ಮಾಡಿದ್ದು. ಮಾಮಾನ ಕಾರಿನ ಗೇರನ್ನು ಎರಡು ಕೈಯಲ್ಲಿ ಹಿಡಿದು ಎಳೆಯಬೇಕು!

ಮಾಮಾ ನನ್ನ ಎಣ್ಣೆಯನ್ನು ಬೆರಳಲ್ಲಿ ತಿಕ್ಕಿದರು. ತಿಕ್ಕಲು ಏನೂ ಉಳಿಯಲಿಲ್ಲ. ಮೂಸಿ ನೋಡಿ, "ತಮ್ಮಾ, ಇದು ಎಣ್ಣಿ ಅಲ್ಲೋ, ತೀರ್ಥ!" ಎಂದರು. ಕೆಂಪು ದ್ರವ ನೋಡಿ, "ಇದು ಗುಲಾಬ್ ಶರಬತ್ತು" ಎಂದರು.

"ಮಾಮಾ, ಈಗಿನ ಕಾಲದ ವಿಜ್ಞಾನ ಇದು" ಎಂದೆ, ವಿಜ್ಞಾನವೇ ನನ್ನ ಜೇಬಿನಲ್ಲಿ ಇದ್ದಂತೆ.

ಮಾಮಾ ನನ್ನನ್ನೇ ನೋಡಿದರು. "ಆತು ಬಿಡು. ನೀ ಓದಿದಾಂವ" ಎಂದು ಎರಡನ್ನೂ ಗ್ಯಾರೇಜಿಗೆ ಕೊಟ್ಟರು.

ಮಾರನೆಯ ದಿನವೇ ಸಿದ್ದಾಪುರದಲ್ಲಿ ಅತ್ತೆಯ ತಂಗಿಯ ಮನೆಯಲ್ಲಿ ತೊಟ್ಟಿಲ ಕಾರ್ಯ. ಎಡಗಡೆ ಸೀಟಿನಲ್ಲಿ ರೇಷ್ಮೆ ಸೀರೆಯ ಅತ್ತೆ, ಹಿಂದೆ ತಜ್ಞನಾದ ನಾನು. ಊರು ದಾಟುತ್ತಿದ್ದಂತೆ ಗೇರುಪೆಟ್ಟಿಗೆ ನಿದ್ದೆಯಲ್ಲಿ ಹಲ್ಲು ಕಡಿಯುವವರಂತೆ ಕಟಕಟ ಎನ್ನತೊಡಗಿತು. ಬಿಸಿಲೇರಿದಂತೆ ಮಾಮಾನ ಮುಂದೆ ಗಿಂಡಿಯ ಚಿತ್ರದ ಕೆಂಪು ದೀಪ ಹತ್ತಿತು. ಎಂಜಿನ್ನಿನಲ್ಲಿ ಎಣ್ಣೆಯ ಒತ್ತಡ ಇಲ್ಲ ಎಂದು ಅದರರ್ಥ. ಮಾಮಾ ಕಾಲುವೆಯ ಪಕ್ಕದ ಬೇವಿನ ಮರದ ಕೆಳಗೆ ಗಾಡಿ ನಿಲ್ಲಿಸಿ ಎಂಜಿನ್ ಬಂದ್ ಮಾಡಿದರು.

"ನಿಂತಿತಲ್ಲ?" ಎಂದರು ಅತ್ತೆ, ಗುಜರಿಯ ದನಿಯಲ್ಲಿ.

"ನಿಂತಿಲ್ಲ, ನಾನ ನಿಲ್ಲಿಸೀನಿ. ಭತ್ತ ನೋಡಬೇಕಾಗಿತ್ತು" ಎಂದ ಮಾಮಾ ಇಳಿದು, ಯಾರದೋ ಗದ್ದೆಗೆ ಹೋಗಿ, ಒಂದು ತೆನೆ ಕಿತ್ತು ತಿಕ್ಕಿ, ಊದಿ, ಕಡಿದು, ತಲೆದೂಗುತ್ತಾ ನಿಂತುಬಿಟ್ಟರು. ಹಾಗೆ ತಲೆದೂಗುತ್ತಲೇ ನನಗೆ ಕಣ್ಣಲ್ಲೇ ಹೇಳಿದರು, ಓಡು ಎಂದು!

ಓಡಿದೆ. ಸಿಕ್ಕಿದ ಟಂಟಂ ಆಟೋ ಹತ್ತಿ ಸಿದ್ದಾಪುರದ ಎಣ್ಣೆ ಅಂಗಡಿ ಮುಟ್ಟುವಷ್ಟರಲ್ಲಿ ಮಾಮಾನ ಫೋನು. "ಹಳೇ ಗಾಡಿಗೆ ಹಾಕೂ ಇಪ್ಪತ್ತು-ಐವತ್ತು ನಂಬರಿನ ಎಣ್ಣಿ ತಗೋ. ಡಬ್ಬಿ ಬಿಚ್ಚಿಸು. ವಾಸನಿ ನೋಡು."

ಇತಿಹಾಸದ ಅಧ್ಯಾಪಕ ಪೇಟೆಯ ನಡುವೆ ನಿಂತು ಮೂಸಿದ. "ಎಣ್ಣಿ ವಾಸನೀನ ಬರತೈತಿ ಮಾಮಾ."

"ತಿಕ್ಕಿ ನೋಡಿದೇನು? ಬಟ್ಟು ಜಾರಬೇಕು, ಆದ್ರ ಹಿಡದಂಗೂ ಆಗಬೇಕು. ಗೇರ್ ಆಯಿಲ್ ಕೊಳತ ಬಳ್ಳೊಳ್ಳಿ ನಾರಿದಂಗ ನಾರಬೇಕು."

ತಿಕ್ಕಿದೆ, ಜಾರಿತು. ಗೇರ್ ಆಯಿಲ್ ಮೂಸಿದೆ, ಕಣ್ಣಲ್ಲಿ ನೀರು ಬಂತು. "ನಾರತೈತಿ ಮಾಮಾ!" ಎಂದು ಸಂತೋಷದಿಂದ ಕೂಗಿದೆ. ಅಂಗಡಿಯವನು ಗಾಬರಿಯಾಗಿ, "ಸರ್, ಮಾಲು ಸರಿ ಐತ್ರಿ. ನೀವು ಆರಾಮ ಅದೀರಿಲ್ರಿ?" ಎಂದ.

ಅಲ್ಲಿಗೇ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಆದರೆ ನನ್ನ ಬುದ್ಧಿ ಸುಮ್ಮನಿರಬೇಕಲ್ಲ! ಅತ್ತೆ ಬಿಸಿಲಲ್ಲಿ ಕಾಯುವುದೇಕೆಂದು ಮಾಮಾನ ಮಗನಿಗೆ ಫೋನು ಮಾಡಿ, ದೊಡ್ಡ ಗಾಡಿ ತಾ ಎಂದೆ. ನಾನು ಟ್ರ್ಯಾಕ್ಟರ್ ಮೆಕ್ಯಾನಿಕ್ ಒಬ್ಬನನ್ನು ಕರೆದುಕೊಂಡು ವಾಪಸು ಬಂದು, ಅವನು ಇನ್ನೂ ಕಾರಿನ ಕೆಳಗೆ ಮಲಗಿ ನನ್ನ ವಿಜ್ಞಾನವನ್ನು ಬಕೆಟ್ಟಿಗೆ ಇಳಿಸುತ್ತಿರುವಾಗಲೇ ದೊಡ್ಡ ಗಾಡಿ ಬಂದು ನಿಂತಿತು.

"ನಾ ಬರಂಗಿಲ್ಲ. ಎ.ಸಿ. ವಾಸನಿ" ಎಂದರು ಅತ್ತೆ.

"ಎ.ಸಿ. ಬಂದ್ ಮಾಡ್ತೀನಿ, ಬಾ ಯವ್ವಾ" ಎಂದ ಮಗ.

ಇನ್ನು ನೆಪವಿರಲಿಲ್ಲ. ಅತ್ತೆ ಆ ಎತ್ತರದ ಗಾಡಿಯ ಬಾಗಿಲಿಗೆ ಬಂದು, ಮೇಲಿನ ಹಿಡಿಕೆ ಹಿಡಿದು, ಒಂದು ಕಾಲು ಎತ್ತಿದರು. ಮೊಣಕಾಲು ಮಡಚಲಿಲ್ಲ. ಇನ್ನೊಂದು ಕಾಲು ಎತ್ತಿ ನೋಡಿದರು. ತುಟಿ ಕಚ್ಚಿಕೊಂಡು, ಸೀರೆ ಸರಿಪಡಿಸುವ ನೆಪದಲ್ಲಿ ಆ ಕಡೆ ಮುಖ ಮಾಡಿದರು. ಮಗ ಮೊಬೈಲು ನೋಡುತ್ತಿದ್ದ.

"ಏ, ಸೀರಿ ಹೊಲಸಾಗತೈತಿ, ಈ ಕಡೆ ಬಾ! ನಮ್ಮ ಗಾಡಿ ತಯಾರ್ ಆತು!" ಎಂದು ಮಾಮಾ ಕೂಗಿದರು. ತಯಾರೆಲ್ಲಿ ಬಂತು? ಮೆಕ್ಯಾನಿಕ್‌ನ ಕಾಲು ಇನ್ನೂ ಕೆಳಗಿನಿಂದ ಚಾಚಿತ್ತು. ಅವನನ್ನು ಆಚೆಗೆ ಕರೆದು, ಮಾಮಾ ಎಡಗಡೆಯ ಬಾಗಿಲು ತೆರೆದು ಹಿಡಿದರು. ಅತ್ತೆ ಬಂದು ಬೆನ್ನು ತಿರುಗಿಸಿ, ಆ ತಗ್ಗಿನ ಸೀಟಿನ ಮೇಲೆ ಆರಾಮಾಗಿ ಕೂತು, ಕಾಲುಗಳನ್ನು ಒಂದೊಂದಾಗಿ ಕೈಯಿಂದ ಎತ್ತಿ ಒಳಗಿಟ್ಟುಕೊಂಡರು.

ಎಲ್ಲಾ ಶೋರೂಮುಗಳಲ್ಲೂ ಮಾಮಾ ಮಾಡಿ ನೋಡಿದ್ದು ಇದನ್ನೇ. ಆ ಕೈಸನ್ನೆ ನೆನಪಾಗಿ ನನಗೆ ನನ್ನ ಮೇಲೆಯೇ ಅಸಹ್ಯವಾಯಿತು.

ಮೆಕ್ಯಾನಿಕ್ ಕೆಲಸ ಮುಗಿಸಿದ ಮೇಲೆ ಬಾನೆಟ್ಟಿನ ಮರೆಯಲ್ಲಿ ಮಾಮಾ ಎಣ್ಣೆ ನೋಡುವ ಕಡ್ಡಿ ಎಳೆದರು. "ಮಾಮಾ, ಅತ್ತಿ ಮೊಣಕಾಲು..." ಎಂದೆ.

"ಸುಮ್ನಿರು" ಎಂದರು ಮೆಲ್ಲಗೆ. "ಹನ್ನೆರಡೂ ತಿಂಗಳು ಊರೆಲ್ಲಾ ಓಡ್ಯಾಡಿದ ಹೆಣ್ಮಗಳು. ಗಾಡಿ ಹತ್ತಾಕ ಆಗಂಗಿಲ್ಲ ಅಂತ ಯಾರ ಮುಂದೂ ಹೇಳಾಕಿ ಅಲ್ಲ, ಮನ್ಯಾಗ ಕುಂತ್ ಬಿಡ್ತಾಳ. ಈ ಗಾಡಿ ನನ್ನ ಹುಚ್ಚು ಅಂತ ಮಂದಿ ತಿಳಕೊಳ್ಳಲಿ. ಆಕಿನೂ ಹಂಗ ತಿಳಕೊಂಡಾಳ, ತಿಳಕೊಳ್ಳಲಿ ಬಿಡು."

ಅಷ್ಟರಲ್ಲಿ ಒಳಗಿಂದ ಅತ್ತೆಯ ದನಿ: "ಮೂಸೂದು ಮುಗೀತೇನ್ರಿ? ತೊಟ್ಟಲಾಗಿನ ಕೂಸಿಗೆ ಮೀಸಿ ಬರ್ತಾವು!"

ಮಾಮಾ ನಕ್ಕು, ಕಡ್ಡಿಯನ್ನು ನನ್ನ ಮುಂದೆ ಹಿಡಿದರು. ನಾನು ಎಣ್ಣೆಯನ್ನು ಬೆರಳಲ್ಲಿ ತಿಕ್ಕಿ, ಕಣ್ಣು ಮುಚ್ಚಿ, ಭಕ್ತಿಯಿಂದ ಮೂಸಿದೆ.

"ಛಲೋ ಐತಿ ಮಾಮಾ" ಎಂದೆ. "ಇನ್ನೂ ಭಾಳ ದಿನ ಓಡತೈತಿ."